ಸುಮ್ನಿರಕ್ಕ ಅಳೆದ ಸದ್ದು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ವಾಸಿ. ಕಾನೂನು ಬಲ್ಲವರು ಹೇಳಬೇಕಾದ ವಿಷಯವಿದು. ಇಲ್ಲವೇ ಆ ಅಕ್ಕತಂಗಿಯರೇ ಬಾಯಿಬಿಟ್ಟು ಹೇಳಬೇಕು, ಆದರೆ ಇಬ್ಬರೂ ಹೇಳುವ ಪೈಕಿ ಅಲ್ಲ. ಎಲ್ಲಾದರೂ ಮಾತು ಹೆಚ್ಚುಕಡಿಮೆಯಾದರೆ ಅದು ಹೇಳಿದವರ ತಪ್ಪು, ಅವರದಲ್ಲ.

ಅಕ್ಕ ನಗರಸಭೆಯ ಶಬ್ದ ವಿಭಾಗದಲ್ಲಿ ತಪಾಸಣೆಯ ಕೆಲಸದಲ್ಲಿದ್ದಳು. ಊರಿನಲ್ಲಿ ಗದ್ದಲ ಮಿತಿಮೀರಿ, ಜನ ದೂರು ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ ನಗರಸಭೆ ತನ್ನದೇ ಒಂದು ಶಬ್ದ ಕಾಯ್ದೆ ಮಾಡಿಕೊಂಡ ಮೇಲೆ ಹುಟ್ಟಿದ ವಿಭಾಗ ಅದು. ಎರಡು ಮೇಜು, ಒಂದು ಬೀರು, ಬೀರುವಿನೊಳಗೆ ಬಟ್ಟೆ ಸುತ್ತಿಟ್ಟ ಒಂದೇ ಒಂದು ಶಬ್ದಮಾಪಕ. ವಿಭಾಗದ ಸಾಹೇಬರಿಗೆ ಎಡಗಿವಿ ಮಂದ. "ನನ್ನನ್ನ ಯಾಕೆ ಇಲ್ಲಿ ಕೂರಿಸಿದ್ದಾರೆ ಗೊತ್ತಾ? ಯಾರ ಶಿಫಾರಸೂ ಕಿವಿಗೆ ಬೀಳಬಾರದು ಅಂತ" ಎಂದು ಹೊಸಬರು ಬಂದಾಗಲೆಲ್ಲ ಹೇಳಿ ತಾವೇ ನಗುತ್ತಿದ್ದರು.

ಮಾಪಕವನ್ನು ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದ ಅಕ್ಕನಿಗೆ ಜನ ಸುಮ್ನಿರಕ್ಕ ಎಂದು ಹೆಸರಿಟ್ಟಿದ್ದರು. ಅವಳು ಬೀದಿ ತಿರುವಿನಲ್ಲಿ ಕಂಡರೆ ಗ್ಯಾರೇಜಿನವನು ಸುತ್ತಿಗೆ ಕೆಳಗಿಟ್ಟು ಚಹಾ ಕುಡಿಯಲು ಕೂರುತ್ತಿದ್ದ. ಅಕ್ಕ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವಳ ಪಾಲಿಗೆ ಆ ಕೆಲಸ ಅಷ್ಟು ದೊಡ್ಡದು. ಅದರಲ್ಲೂ ಆಸ್ಪತ್ರೆಯ ವಿಷಯ ಬಂದರೆ ಅವಳ ಮುಖ ಅರಳುತ್ತಿತ್ತು. ಆಸ್ಪತ್ರೆಯನ್ನು ನಿಶ್ಶಬ್ದ ವಲಯ ಎಂದು ಸಾರಿದಾಗ ಅಕ್ಕ ಒಳಗಿನ ವಾರ್ಡುಗಳಿಗೂ ಹೋಗಿ ಅಳೆದಿದ್ದಳು. ಒಬ್ಬ ರೋಗಿ ನರ್ಸನ್ನು ಕರೆಯಲು ಗುಂಡಿ ಒತ್ತಿದರೆ ಇಡೀ ವಾರ್ಡು ಬೆಚ್ಚಿಬೀಳುವಂತೆ ಗಂಟೆ ಹೊಡೆದುಕೊಳ್ಳುತ್ತಿತ್ತು. ಗಂಟೆ ತೆಗೆದು, ಪ್ರತಿ ಹಾಸಿಗೆಯ ತಲೆಯ ಮೇಲೊಂದು ಕೆಂಪು ದೀಪ ಹಾಕಿಸಿ ಎಂದು ಶಿಫಾರಸು ಮಾಡಿದವಳು ಅವಳೇ. ಆಸ್ಪತ್ರೆಯವರು ಹಾಗೇ ಮಾಡಿದರು.

ಆ ವಾರ್ಡಿನಲ್ಲೇ ಅವಳ ತಂಗಿ ನರ್ಸು. ರಾತ್ರಿ ಪಾಳಿ. "ನಿನ್ನ ದೀಪ ಬಂದ ಮೇಲೆ ಎಲ್ಲ ಗೊರಕೆ ಹೊಡೀತಾರೆ ಕಣಕ್ಕ. ಈಗ ಗೊರಕೆ ಅಳೆಯೋಕೆ ಬಾ" ಎಂದು ತಂಗಿ ಚುಡಾಯಿಸಿದ್ದಳು. ಅಕ್ಕ ಆ ಮಾತನ್ನು ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಅದೇ ತಂಗಿಗೆ ಈಗ ನಿದ್ದೆ ಹತ್ತುತ್ತಿರಲಿಲ್ಲ.

ಇಬ್ಬರಿಗೂ ಇದ್ದದ್ದು ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಬೆಳಿಗ್ಗೆ ತಂಗಿ ಬರುವ ಹೊತ್ತಿಗೆ ಅಕ್ಕ ಹೊರಡುವ ಹೊತ್ತು. ಮೊದಲೆಲ್ಲ ಚಪ್ಪಲಿ ಬಿಟ್ಟವಳೇ ಮಂಚಕ್ಕೆ ಬೀಳುತ್ತಿದ್ದ ತಂಗಿ ಈಗ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಮಡಿಸಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಕಣ್ಣಿನ ಸುತ್ತ ಕಪ್ಪು. ಒಮ್ಮೆ ಒಲೆ ಮೇಲೆ ಹಾಲಿಟ್ಟು ಅದರ ಮುಂದೆಯೇ ನಿಂತಿದ್ದಳು, ಹಾಲು ಉಕ್ಕಿ ಒಲೆ ಆರಿದರೂ ಅಲ್ಲಾಡಲಿಲ್ಲ. ಅಕ್ಕನೇ ಓಡಿಬಂದು ಪಾತ್ರೆ ಇಳಿಸಿದಳು. ಈ ಕೈಯೇ ರಾತ್ರಿ ರೋಗಿಗಳಿಗೆ ಸೂಜಿ ಚುಚ್ಚಬೇಕಲ್ಲ.

"ಯಾಕೆ ನಿದ್ದೆ ಬರ್ತಿಲ್ಲ?"

"ಬರ್ತಿಲ್ಲ ಅಷ್ಟೇ."

ಆ ಹೊತ್ತಿಗೆ ಸರಿಯಾಗಿ ಕೆಳಗಿನಿಂದ ಸದ್ದು ಶುರುವಾಯಿತು. ಎರಡು ಸಣ್ಣೇಟು, ಒಂದು ದೊಡ್ಡೇಟು. ಎದುರು ಸಾಲಿನ ಅಂಗಡಿಯಲ್ಲಿ ತಗಡಿನ ಪೆಟ್ಟಿಗೆ ಮಾಡುವ ಡಬ್ಬಣ್ಣ ಕೆಲಸಕ್ಕೆ ಕೂತಿದ್ದ. ಅಕ್ಕ ಕಿಟಕಿಯ ಕಡೆ ನೋಡಿದಳು. "ಇದಾ?" ಎಂದಳು. ತಂಗಿಯೂ ಕಿಟಕಿಯ ಕಡೆ ನೋಡಿದಳು. ಮುಸುಕೆಳೆದುಕೊಂಡಳು. ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಕ್ಕನಿಗೆ ಅಷ್ಟು ಸಾಕಾಯಿತು. ಊರಿನವರ ನಿದ್ದೆಗೇಡಿಗೆಲ್ಲ ಸದ್ದನ್ನೇ ಹುಡುಕಿಕೊಂಡು ಹೋಗುವುದು ಅವಳ ಹೊಟ್ಟೆಪಾಡು. ಮನೆಯಲ್ಲಿ ಬೇರೆ ಏನನ್ನು ಹುಡುಕಿಯಾಳು?

ಅವತ್ತೇ ಡಬ್ಬಣ್ಣನ ಅಂಗಡಿಗೆ ಹೋದಳು.

"ಬನ್ನಿ ಬನ್ನಿ, ಇವತ್ತು ಯಾರ ಬಾಯಿಗೆ ಬೀಗ?" ಎಂದ ಡಬ್ಬಣ್ಣ.

"ತಮಾಷೆ ಬೇಡ ಅಣ್ಣ. ತಂಗಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಹೊತ್ತು ಸ್ವಲ್ಪ ನಿಲ್ಲಿಸೋಕಾಗುತ್ತಾ?"

"ಬೆಳಿಗ್ಗೆನೇ ತಾನೆ ಅಂಗಡಿಗೆ ಬಿಸಿಲು ಬರೋದು. ಆಮೇಲೆ ಅಂಚು ಕಾಣಲ್ಲ, ಬೆರಳೇ ಪೆಟ್ಟಿಗೆಗೆ ಸೇರ್ಕೊಂಡುಬಿಡುತ್ತೆ." ಹಾಗೆಂದವನು ತಲೆ ಕೆರೆದುಕೊಂಡ. "ನರ್ಸಮ್ಮ ನನ್ನ ಹೆಂಡತಿಗೆ ಎಷ್ಟು ಸಲ ಮನೆಗೇ ಬಂದು ಇಂಜೆಕ್ಷನ್ ಹಾಕಿಲ್ಲ. ಏನಾದ್ರೂ ಮಾಡೋಣ ಬಿಡಿ."

ಮಾಡಿದ ಕೂಡ. ತಗಡು ಬಡಿಯುವ ಅಡಿಗಲ್ಲಿನ ಕೆಳಗೆ ಹಳೇ ಟೈರು ಹಾಕಿದ. ಬೆಳಿಗ್ಗೆ ಹೊತ್ತು ಕತ್ತರಿಸುವ, ಮಡಿಸುವ ಕೆಲಸ ಇಟ್ಟುಕೊಂಡು ಬಡಿಯುವುದನ್ನು ಆದಷ್ಟು ಮುಂದೆ ಹಾಕಿದ. ಅವನ ಹೆಂಡತಿ ಬಾಗಿಲಿಗೆ ಗೋಣಿಪರದೆ ಹೊಲಿದು ಕಟ್ಟಿದಳು. ಆದರೂ ತಂಗಿಯ ಕಣ್ಣಿನ ಕಪ್ಪು ಇಳಿಯಲಿಲ್ಲ.

ಅಕ್ಕ ಸಾಹೇಬರ ಬಲಗಿವಿಯ ಪಕ್ಕ ಹೋಗಿ ನಿಂತಳು.

"ನಮ್ಮ ಕಾಯ್ದೇಲಿ ನಿದ್ದೆ ಹೊತ್ತು ಅಂದ್ರೆ ರಾತ್ರಿ" ಎಂದರು ಸಾಹೇಬರು. "ಹಗಲು ಮಲಗೋರನ್ನ ಬರೆಯೋವಾಗ ಯಾರೂ ನೆನೆಸ್ಕೊಂಡಿಲ್ಲ. ನನ್ನನ್ನೂ ಸೇರಿಸಿ."

"ಹಗಲಿಗೂ ಒಂದು ಮಿತಿ ಇದೆಯಲ್ಲ ಸಾರ್."

"ಇದೆ. ಅದನ್ನ ದಾಟಿದ್ರೆ ನೋಟಿಸು ಕೊಡಬಹುದು. ಆದ್ರೆ ನಿಮ್ಮ ಮನೆ ದೂರು ನೀವೇ ಅಳೆಯೋದು ಚೆನ್ನಾಗಿರಲ್ಲ." ಸಾಹೇಬರು ಬೀರುವಿನ ಕಡೆ ನೋಡಿದರು. "ಆ ಯಂತ್ರ ನನ್ನ ಮಾತು ಕೇಳಲ್ಲ, ನಾನು ಅದರ ಮಾತು ಕೇಳಲ್ಲ. ನೀವೇ ಹೋಗಿ ಬನ್ನಿ. ನಾನು ಸಹಿ ಹಾಕ್ತೀನಿ."

ಅಳೆಯುವುದಕ್ಕೆ ಒಂದು ಕ್ರಮವಿದೆ. ದೂರು ಕೊಟ್ಟವರ ಕೋಣೆಯಲ್ಲಿ, ತೆರೆದ ಕಿಟಕಿಯ ಮುಂದೆ ಮಾಪಕವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಬೇಕು. ಕೋಣೆಯಲ್ಲಿ ಯಾರೂ ಮಾತಾಡಬಾರದು. ಮಾಪಕದ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇದೆ. ಅದನ್ನು 'ನಿಧಾನ' ಎಂಬಲ್ಲಿಗೆ ತಳ್ಳಿದರೆ ಏಟನ್ನೂ ಏಟುಗಳ ನಡುವಿನ ಬಿಡುವನ್ನೂ ಕೂಡಿಸಿ ತೋರಿಸುತ್ತದೆ. 'ಚುರುಕು' ಎಂಬಲ್ಲಿಗೆ ತಳ್ಳಿದರೆ ಒಂದೊಂದು ಏಟಿನ ತುತ್ತತುದಿಯನ್ನೇ ಹಿಡಿದುಬಿಡುತ್ತದೆ. ಬಡಿಯುವ ಕೆಲಸಕ್ಕೆ ನಿಧಾನವೇ ಆಗಬೇಕೆಂದು ಕಾಯ್ದೆ ಹೇಳುತ್ತದೆ. ಇಲ್ಲದಿದ್ದರೆ ಬಾಗಿಲು ತಟ್ಟಿದವನೂ ತಪ್ಪಿತಸ್ಥನಾದಾನು.

ಡಬ್ಬಣ್ಣನಿಗೆ ಹೇಳಿಯೇ ಅಕ್ಕ ಮಾಪಕ ನಿಲ್ಲಿಸಿದಳು. "ಎಂದಿನ ಹಾಗೆ ಬಡಿಯಿರಿ ಅಣ್ಣ, ಟೈರು ತೆಗೀಬೇಡಿ" ಎಂದು ಕಿಟಕಿಯಿಂದಲೇ ಕೂಗಿದಳು. ಅವನು ಕೈಯೆತ್ತಿ ಒಪ್ಪಿಗೆ ಕೊಟ್ಟು ಬಡಿಯತೊಡಗಿದ. ತಂಗಿ ಮಂಚದ ಅಂಚಿನಲ್ಲಿ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದಳು. ಗುಂಡಿ ನಿಧಾನದಲ್ಲಿತ್ತು. ಸಂಖ್ಯೆ ಮೇಲೇರಿತು, ಮಿತಿಯ ಹತ್ತಿರ ಬಂತು, ಅದರ ಕೆಳಗೇ ನಿಂತುಬಿಟ್ಟಿತು. ಅಕ್ಕ ಕಾದಳು. ಇನ್ನೂ ಕಾದಳು. ತಂಗಿಯ ತಲೆ ತೂಗಿ ಎದೆಗೆ ತಗುಲಿ, ಮತ್ತೆ ಬೆಚ್ಚಿ ಮೇಲೆದ್ದಿತು. ಅಕ್ಕನ ಹೆಬ್ಬೆರಳು ಗುಂಡಿಯನ್ನು ಚುರುಕಿನ ಕಡೆ ತಳ್ಳಿತು. ಸಂಖ್ಯೆ ಮಿತಿಯನ್ನು ಹಾರಿ ದಾಟಿತು. ಅದನ್ನೇ ಬರೆದುಕೊಂಡಳು.

ಮಾಪಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದಳು.

ಬಡಿಯುವುದನ್ನು ನಿಲ್ಲಿಸಬೇಕೆಂದು ನೋಟಿಸು ಹೋಯಿತು. ಡಬ್ಬಣ್ಣ ಜಗಳಕ್ಕೆ ಬರಲಿಲ್ಲ. ಊರಾಚೆಯ ಶೆಡ್ಡುಗಳಲ್ಲಿ ಒಂದು ಮೂಲೆ ಹಿಡಿದು, ತಗಡು, ಕತ್ತರಿ, ಅಡಿಗಲ್ಲು ಎಲ್ಲವನ್ನೂ ತಳ್ಳುಗಾಡಿಗೆ ಹೇರಿದ. ಟೈರನ್ನು ಮಾತ್ರ ಅಲ್ಲೇ ಬಿಟ್ಟ. "ಅಲ್ಲಿ ಬೇಕಾಗಲ್ಲ. ಅಲ್ಲಿ ಎಲ್ಲರೂ ಬಡಿಯೋರೇ" ಎಂದ. ಅವನ ಹೆಂಡತಿ ಮಾತ್ರ ಗೋಣಿಪರದೆ ಬಿಚ್ಚುತ್ತ ಅಕ್ಕನನ್ನು ತಡೆದು ನಿಲ್ಲಿಸಿದಳು.

"ನನ್ನ ಗಂಡನ ಹೊಟ್ಟೆ ಮೇಲೆ ಹೊಡೆದ್ರಿ, ಆಯ್ತು. ನಿಮ್ಮ ತಂಗಿ ಚೆನ್ನಾಗಿ ಮಲಗ್ಲಿ. ಆದ್ರೆ ಒಂದು ಕೇಳ್ತೀನಿ. ನಾವು ಬಡಿಯೋಕೆ ಶುರು ಮಾಡಿದ್ದು ಈ ತಿಂಗಳಾ? ಇಷ್ಟು ವರ್ಷ ಅವರು ಹೇಗೆ ಮಲಗ್ತಿದ್ರು?"

ಕಚೇರಿಯ ಅರ್ಧ ದಾರಿಯವರೆಗೂ ಆ ಮಾತು ಚಪ್ಪಲಿಯೊಳಗೆ ಸಿಕ್ಕಿದ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು. ಹಿಂದಿರುಗಿ ಮನೆಗೆ ನಡೆದಳು.

ಬೀದಿ ನಿಶ್ಶಬ್ದವಾಗಿತ್ತು. ಯಾವ ಕಾಯ್ದೆಯೂ ಬೆರಳೆತ್ತದ ನಿಶ್ಶಬ್ದ. ಬಾಗಿಲು ತೆಗೆದರೆ ತಂಗಿ ಮಂಚದ ಮೇಲೆ ನೆಟ್ಟಗೆ ಕೂತು ಎದುರು ಗೋಡೆಯನ್ನು ನೋಡುತ್ತಿದ್ದಳು.

"ಇನ್ನೂ ಮಲಗಿಲ್ವಾ? ಈಗ ಸದ್ದೇ ಇಲ್ವಲ್ಲೇ."

"ಅದೇ ಅಕ್ಕ" ಎಂದಳು ತಂಗಿ. "ಆ ಡಬ್ಬಣ್ಣ ಬಡೀತಿದ್ರೆ ಮುಂದಿನ ಏಟು ಯಾವಾಗ ಬೀಳುತ್ತೆ ಅಂತ ಕಾಯ್ತಿದ್ದೆ. ಕಾಯೋವಾಗ ಬೇರೇದು ನೆನಪಾಗ್ತಿರಲಿಲ್ಲ. ಒಂದೊಂದು ಸಲ ಜೊಂಪು ಹತ್ತೋದು."

"ಬೇರೇದು ಅಂದ್ರೆ?"

ಅಕ್ಕ ಪಕ್ಕದಲ್ಲಿ ಕೂತಳು. ಬ್ಯಾಗನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತಿದ್ದಳು.

"ಕಿಟಕಿ ಪಕ್ಕದ ಹಾಸಿಗೇಲಿ ಒಬ್ಬ ತಾತ ಇದ್ರು" ಎಂದಳು ತಂಗಿ. "ನನ್ನನ್ನ ಮೊಮ್ಮಗಳೇ ಅಂತಿದ್ರು. ಅವತ್ತು ನಾನು ಆ ಕಡೆ ಗೋಡೆ ಹತ್ರ ಇನ್ನೊಬ್ಬರಿಗೆ ಸೂಜಿ ಹಾಕೋಕೆ ನರ ಹುಡುಕ್ತಿದ್ದೆ. ಸಿಗ್ತಾನೇ ಇರಲಿಲ್ಲ. ಬೆನ್ನು ಈ ಕಡೆ ಇತ್ತು. ಕೆಲಸ ಮುಗಿಸಿ ತಿರುಗಿದ್ರೆ ತಾತನ ತಲೆ ಮೇಲೆ ಕೆಂಪು ದೀಪ ಉರೀತಿದೆ. ಓಡಿಹೋದೆ. ಕರೆಯೋ ಗುಂಡಿ ಇನ್ನೂ ಅವರ ಕೈಯಲ್ಲೇ ಇತ್ತು. ಜೀವ ಇರಲಿಲ್ಲ."

"ದೀಪ ಎಷ್ಟು ಹೊತ್ತಿಂದ ಉರೀತಿತ್ತು?"

"ಅದೇ ಗೊತ್ತಿಲ್ಲ. ಗಂಟೆ ಆಗಿದ್ರೆ ಬಾರಿಸಿದ ತಕ್ಷಣ ಗೊತ್ತಾಗೋದು. ದೀಪ ಯಾವಾಗ ಹತ್ತಿತು ಅಂತ ದೀಪ ಹೇಳುತ್ತಾ? ಡಾಕ್ಟರು, ವಯಸ್ಸಾಗಿತ್ತು, ಹೃದಯ ನಿಂತಿದೆ, ನೀನು ಬಂದಿದ್ರೂ ಅಷ್ಟೇ ಅಂದ್ರು. ಸಮಾಧಾನಕ್ಕೆ ಅಂದ್ರೋ, ನಿಜವಾಗ್ಲೂ ಅಂದ್ರೋ."

"ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀನು ಅಷ್ಟು ಹೆಮ್ಮೆಯಿಂದ ಹಾಕಿಸಿದ ದೀಪ." ತಂಗಿ ಅಕ್ಕನ ಮುಖ ನೋಡಲಿಲ್ಲ. "ಡಬ್ಬಣ್ಣನ ಮೇಲೆ ದೂರು ಅಂದಾಗ ಬೇಡ ಅನ್ಬೇಕಿತ್ತು. ಅಂದಿದ್ರೆ, ಮತ್ತೆ ಯಾಕೆ ನಿದ್ದೆ ಇಲ್ಲ ಅಂತ ನೀನು ಕೇಳ್ತಿದ್ದೆ. ಅದಕ್ಕೇ ಬಾಯಿ ಮುಚ್ಕೊಂಡೆ. ಪಾಪ, ಅವರ ಅಂಗಡಿ ಹೋಯ್ತು."

ಅಕ್ಕನಿಗೆ ಏನಾದರೂ ಹೇಳಬೇಕೆನಿಸಿತು. ನಿನ್ನ ತಪ್ಪಲ್ಲ ಎಂದರೆ, ಹಾಗಾದರೆ ಯಾರದು ಎಂಬ ಮಾತು ಹಿಂದೆಯೇ ನಿಂತಿತ್ತು. ಗುಂಡಿಯನ್ನು ಚುರುಕಿಗೆ ತಳ್ಳಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಸುಕುತ್ತ ಕೂತಳು. ಆ ವಾರ್ಡಿನಲ್ಲಿ ಮಾಪಕ ಹಿಡಿದು ನಿಂತಾಗ ಸಂಖ್ಯೆ ಇಳಿಯುವುದನ್ನಷ್ಟೇ ನೋಡಿದ್ದಳು. ಬೆನ್ನು ತಿರುಗಿಸಿ ನಿಂತವರಿಗೆ ದೀಪ ಕಾಣುತ್ತದೆಯೇ ಎಂದು ಒಂದೇ ಒಂದು ಸಲ ತಿರುಗಿ ನಿಂತು ನೋಡಿರಲಿಲ್ಲ.

"ಮಲಗು" ಎಂದಳು ಕೊನೆಗೆ.

"ಏನಾದ್ರೂ ಬಡೀತೀಯಾ?"

ಮಂಚದ ಕೆಳಗೆ ಡಬ್ಬಣ್ಣನೇ ಮಾಡಿಕೊಟ್ಟ ತಗಡಿನ ಪೆಟ್ಟಿಗೆ ಇತ್ತು, ತಂಗಿ ನರ್ಸಿಂಗ್ ಓದಲು ಹೋಗುವಾಗ ಕೊಂಡದ್ದು. ಅಕ್ಕ ಅದನ್ನು ಹೊರಗೆಳೆದು, ನೆಲದ ಮೇಲೆ ಕೂತು, ಸೌಟಿನ ಹಿಡಿಯಿಂದ ಮುಚ್ಚಳದ ಮೇಲೆ ಬಡಿದಳು. ಎರಡು ಸಣ್ಣೇಟು, ಒಂದು ದೊಡ್ಡೇಟು. ಮೊದಮೊದಲು ತಾಳ ತಪ್ಪಿತು. ತಂಗಿ ಮುಸುಕಿನೊಳಗಿನಿಂದಲೇ, "ಅವರು ಇಷ್ಟು ಅವಸರ ಮಾಡಲ್ಲ" ಎಂದಳು. ಅಕ್ಕ ನಿಧಾನ ಮಾಡಿದಳು. ಕೆಳಗಿನ ಮನೆಯಾಕೆ ಕಿಟಕಿಯಿಂದ ತಲೆ ಹಾಕಿ, "ಯಾರ್ರೀ ಅದು ಬಡಿಯೋದು? ಸುಮ್ನಿರಕ್ಕನ ಮನೇಲೇ ಹೀಗಾದ್ರೆ ನಾವು ದೂರು ಯಾರಿಗೆ ಕೊಡೋದು?" ಎಂದಳು. ಅಕ್ಕ ಬಡಿಯುವುದನ್ನು ನಿಲ್ಲಿಸಲಿಲ್ಲ.

ಮಧ್ಯಾಹ್ನ ಕಚೇರಿಗೆ ಹೋಗಿ ಸಾಹೇಬರಿಗೆ ಎರಡು ವಿಷಯ ಹೇಳಿದಳು: ಡಬ್ಬಣ್ಣನ ಅಂಗಡಿಯ ಅಳತೆ ತಪ್ಪು, ತಾನು ತಿಳಿದೇ ಮಾಡಿದ ತಪ್ಪು. ಮತ್ತೆ, ಆಸ್ಪತ್ರೆಯ ವಾರ್ಡಿಗೆ ಮೆಲ್ಲಗಾದರೂ ಸರಿ, ಗಂಟೆ ವಾಪಸ್ಸು ಬರಬೇಕು. ಸಾಹೇಬರು ಕುರ್ಚಿಯನ್ನು ಸರಿಸಿ ಬಲಗಿವಿಯನ್ನು ಅವಳ ಕಡೆ ತಿರುಗಿಸಿ, "ಇನ್ನೊಂದು ಸಲ ಹೇಳಿ" ಎಂದರು. ಅಕ್ಕ ಇನ್ನೊಂದು ಸಲ ಹೇಳಿದಳು.

ಅವಳ ಕೆಲಸ ಉಳಿಯಿತೋ ಇಲ್ಲವೋ, ಗಂಟೆ ವಾಪಸ್ಸು ಬಂತೋ ಇಲ್ಲವೋ ಇದನ್ನು ಹೇಳುತ್ತಿರುವವರಿಗೆ ಗೊತ್ತಿಲ್ಲ. ಡಬ್ಬಣ್ಣನ ಹಳೇ ಅಂಗಡಿಯ ಬಾಗಿಲು ಇವತ್ತಿಗೂ ಮುಚ್ಚಿದೆ. ಅವನಿಗೆ ಮರಳಿ ಬರಲು ಆಗಲಿಲ್ಲವೋ, ಮನಸ್ಸಾಗಲಿಲ್ಲವೋ ಗೊತ್ತಿಲ್ಲ. ಆ ದಿನ ಅಕ್ಕ ಪೆಟ್ಟಿಗೆ ಬಡಿಯುವುದನ್ನು ನಿಲ್ಲಿಸಿ ಎದ್ದಾಗ ತಂಗಿ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿತ್ತೋ, ಅಕ್ಕನಿಗೆ ಕೆಲಸಕ್ಕೆ ಹೊತ್ತಾಯಿತೆಂದು ಸುಮ್ಮನೆ ಮುಚ್ಚಿಕೊಂಡಿದ್ದಳೋ, ಅದು ಅಕ್ಕನಿಗೂ ಗೊತ್ತಾಗಲಿಲ್ಲ. ಆ ದೀಪ ಎಷ್ಟು ಹೊತ್ತು ಉರಿದಿತ್ತು ಎಂಬುದಂತೂ ಯಾರಿಗೂ ಗೊತ್ತಿಲ್ಲ.