ಮೇಲೆ ಒಡೆಯುತ್ತದೆ

ಹಾಡುತ್ತಿರುವ ರೇಡಿಯೊದ ಮರದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ಮೊದಲು ತಾಗುವುದು ಒಳಗಿನ ವಾಲ್ವುಗಳ ಬಿಸಿ. ಅದು ಕೈಗೆ ರೂಢಿಯಾದ ಮೇಲೆ ಮರದ ನಡುಕ ತಿಳಿಯುತ್ತದೆ. ಸರಿಯಾಗಿರುವ ರೇಡಿಯೊ ನಿದ್ದೆ ಹೋದ ಬೆಕ್ಕಿನ ಹಾಗೆ ಒಂದೇ ಸಮನೆ ಗುರುಗುಡುತ್ತದೆ. ಎಲ್ಲಾದರೂ ಒಂದು ತಿರುಪು ಸಡಿಲಾಗಿದ್ದರೆ, ಸ್ಪೀಕರಿನ ಕಾಗದ ಹರಿದಿದ್ದರೆ, ಬೆರಳ ತುದಿಗೆ ಸಣ್ಣ ಮರಳು ತಾಕಿದಂತಾಗುತ್ತದೆ. ಇದನ್ನು ನನಗೆ ಕಲಿಸಿದವರು ಲಿಂಗೋಜಿ ಮೇಸ್ತ್ರಿಗಳು. ಸಂಜೆ ತರಗತಿಯಲ್ಲಿ ಇದು ಇರಲಿಲ್ಲ.

ಎರಡು ವರ್ಷ ನಾನು ಹಗಲಲ್ಲಿ ಬೀಡಿ ಕಟ್ಟುಗಳಿಗೆ ಚೀಟಿ ಅಂಟಿಸಿ, ಸಂಜೆ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಬೆಂಚಿಗೆ ಮಂಡಿ ತಾಗಿಸಿಕೊಂಡು ಕೂತು ರೇಡಿಯೊ ರಿಪೇರಿ ಕಲಿತೆ. ಹಾಗೆ ಕಲಿತವನಿಗೆ ಒಂದು ಅನುಮಾನ ಹೋಗುವುದೇ ಇಲ್ಲ. ಹಗಲು ಕಲಿತವರಿಗೆ ಹೇಳಿಕೊಟ್ಟ ಯಾವುದೋ ಒಂದು ಮಾತು ನಮಗೆ ತಪ್ಪಿಹೋಗಿದೆ ಎಂಬ ಅನುಮಾನ. ಒಂದೇ ಬೆಸುಗೆಯನ್ನು ನಾನು ಮೂರು ಸಲ ಎಳೆದು ನೋಡುತ್ತಿದ್ದೆ. ಮೇಸ್ತ್ರಿಗಳು ಆರು ತಿಂಗಳ ಮಟ್ಟಿಗೆ ತಮ್ಮ ಅಂಗಡಿಯಲ್ಲಿ ನನಗೊಂದು ಬೆಂಚು ಕೊಟ್ಟಿದ್ದರು. ಷರತ್ತು ಒಂದೇ.

"ಒಂದೇ ಪೆಟ್ಟಿಗೆ ನಿನ್ನ ಕೈಯಿಂದ ಮೂರು ಸಲ ಸೋತು ಬಂದ್ರೆ ಬೆಂಚು ಬಿಡಬೇಕು. ಮುಂದುಗಡೆ ನಿಂತು ಟಾರ್ಚು ಸೆಲ್ಲು ಮಾರ್ಕೊಂಡಿರು. ಅದಕ್ಕೆ ಕಿವಿ ಬೇಕಾಗಿಲ್ಲ."

ಐದನೆಯ ತಿಂಗಳಲ್ಲಿ ಪದ್ಮಾಕ್ಷಮ್ಮನವರ ರೇಡಿಯೊ ಬಂತು. ಐವತ್ತು ದಾಟಿದ ಹೆಂಗಸು. ರೇಡಿಯೊವನ್ನು ಹಸುಗೂಸಿನ ಹಾಗೆ ದುಪ್ಪಟಿಯಲ್ಲಿ ಸುತ್ತಿ ಜಟಕಾದಲ್ಲಿ ತಂದಿದ್ದರು.

"ದನಿ ಒಡೀತದಪ್ಪ," ಎಂದರು.

"ಯಾವಾಗಮ್ಮ? ಯಾವಾಗಲೂನಾ?"

"ಯಾವಾಗ್ಲೂ ಅಲ್ಲ. ಮೇಲೆ ಹೋದಾಗ ಒಡೀತದೆ. ಕೆಳಗಿರೋವಾಗ ಚೆನ್ನಾಗೇ ಇರ್ತದೆ."

ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಮಾತನ್ನು ಅವರು ಹೇಳಿದ ಹಾಗೆಯೇ ಚೀಟಿಯಲ್ಲಿ 'ದೂರು' ಎಂಬಲ್ಲಿ ಬರೆದುಕೊಂಡೆ. ನಮ್ಮ ಚೀಟಿಯಲ್ಲಿ ದೂರು, ದೋಷ, ಪರಿಹಾರ ಎಂದು ಮೂರು ಸಾಲಿದ್ದವು. ಇಂಥ ದೂರಿಗೆ ದೋಷ ಯಾವುದೆಂದು ಸಂಜೆ ತರಗತಿಯ ಮೇಷ್ಟ್ರು ಕರಿಹಲಗೆ ನೋಡಿ ಬರೆಸಿದ್ದರು. ಕೆಳಗಿನ ಸ್ವರ ಚೊಕ್ಕವಾಗಿದ್ದು ಮೇಲಿನದು ಒಡೆದರೆ ಕೊನೆಯ ವಾಲ್ವು ಸೋತಿರಬೇಕು, ಇಲ್ಲವೆ ಅದರ ಹಿಂದಿನ ಕಂಡೆನ್ಸರು ಸೋರುತ್ತಿರಬೇಕು. ಎರಡನ್ನೂ ಬದಲಾಯಿಸಿದೆ. ಅಂಗೈ ಇಟ್ಟು ನೋಡಿದೆ. ಬೆಕ್ಕು ಮಲಗಿತ್ತು.

ನಾಲ್ಕು ದಿನಕ್ಕೆ ರೇಡಿಯೊ ಅದೇ ದುಪ್ಪಟಿಯಲ್ಲಿ ವಾಪಸು ಬಂತು. "ಹಾಗೇ ಇದೆಯಪ್ಪ. ಮೇಲೆ ಒಡೀತದೆ."

ಈ ಸಲ ಎಲ್ಲವನ್ನೂ ಬಿಚ್ಚಿದೆ. ಸ್ಪೀಕರನ್ನು ಹೊರತೆಗೆದು ಬೆಳಕಿಗೆ ಹಿಡಿದು ಸೂಜಿಮೊನೆಯಷ್ಟು ತೂತಿಗಾಗಿ ಹುಡುಕಿದೆ. ಒಂದೊಂದು ಬಿಡಿಭಾಗವನ್ನೂ ಅಳೆದೆ. ಕೊಳಲು ಕೇಳಿದೆ, ಪಿಟೀಲು ಕೇಳಿದೆ, ಹೆಂಗಸರ ಹಾಡು ಕೇಳಿದೆ. ಎಲ್ಲಿಯೂ ಒಡಕಿಲ್ಲ. ದೋಷ ನನ್ನ ಕಿವಿಯದೇ ಇರಬಹುದೆಂದು ಚಹಾ ತಂದ ಮಲ್ಲೇಶಿಯನ್ನು ನಿಲ್ಲಿಸಿ ಕೇಳಿಸಿದೆ.

"ಇದಕ್ಕಿಂತ ಚೆನ್ನಾಗಿ ಹಾಡಿದ್ರೆ ರೇಡಿಯೊಗೇ ಗಂಡು ನೋಡ್ಬೇಕಾಗ್ತದೆ, ಅಣ್ಣ," ಎಂದು ಅವನು ಲೋಟ ಎತ್ತಿಕೊಂಡು ಹೋದ.

ನನ್ನ ಸಮಾಧಾನಕ್ಕೆ ಇನ್ನೊಂದು ಕಂಡೆನ್ಸರು ಬದಲಾಯಿಸಿ ಕಳುಹಿಸಿದೆ. ವಾರ ತುಂಬುವುದರೊಳಗೆ ಪದ್ಮಾಕ್ಷಮ್ಮ ಮತ್ತೆ ಬಂದರು, ಈ ಸಲ ಬರಿಗೈಯಲ್ಲಿ.

"ಎಷ್ಟು ಸಲ ಅಂತ ಹೊತ್ಕೊಂಡು ಬರ್ಲಿ? ಇಲ್ಲಿ ಕೇಳಿದ್ರೆ ಒಡಕಿಲ್ಲ. ಕೆಳಗೆ ಹಜಾರದಲ್ಲಿ ಇಟ್ರೂ ಇಲ್ಲ. ಮೇಲೆ ಅಕ್ಕನ ಹತ್ರ ತಗೊಂಡು ಹೋದ್ರೆ ಒಡೀತದೆ. ಮೊದಲ್ನೇ ದಿನದಿಂದ ಅದನ್ನೇ ಹೇಳ್ತಿದೀನಿ."

"ಮೇಲೆ ಅಂದರೆ..." ಎಂದೆ.

"ಮೇಲೆ ಅಂದ್ರೆ ಮಹಡಿ ಮೇಲೆ. ಮತ್ತೇನು ಆಕಾಶದಲ್ಲೇ?"

ಮೇಸ್ತ್ರಿಗಳು ಚೀಟಿಯನ್ನು ಎತ್ತಿಕೊಂಡು, ನನ್ನದೇ ಅಕ್ಷರದಲ್ಲಿದ್ದ 'ಮೇಲೆ ಹೋದಾಗ' ಎಂಬುದನ್ನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮುಖ ಬಿಗಿಮಾಡಿದರು. "ಎರಡು ಸಲ ಆಯ್ತು. ಮನೆಗೇ ಹೋಗಿ ನೋಡು. ದೋಷ ಹಿಡೀದೆ ಬಂದ್ರೆ ಅದೇ ಮೂರನೇದು."

ಅವರ ಮನೆಗೆ ಹೋಗುವ ದಾರಿಯಲ್ಲಿ ಪದ್ಮಾಕ್ಷಮ್ಮ ಹೇಳಿದರು. ಅಕ್ಕ ತುಂಗಮ್ಮ ಹಾಡುತ್ತಿದ್ದವರು. ಕೆಲವು ವರ್ಷಗಳ ಹಿಂದೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ದನಿ ಹೋಯಿತು. ಈಗ ಸ್ಲೇಟಿನಲ್ಲಿ ಬರೆದೇ ಮಾತು. "ತಂಬೂರಿ ಕಣ್ಣಿಗೆ ಬಿದ್ರೆ ಸಂಕಟ ಆಗ್ತದೆ, ಯಾರಿಗಾದ್ರೂ ಕೊಟ್ಟುಬಿಡು ಅಂದ್ರು. ಕೊಟ್ಟುಬಿಟ್ಟೆ." ಆ ಕೊನೆಯ ಮಾತನ್ನು ಅವರು ಬೇಗ ಹೇಳಿ ಮುಗಿಸಿದರು. "ಈಗ ಈ ರೇಡಿಯೊ ಒಂದೇ ಅವರಿಗೆ. ಅದೂ ಒಡಕಲು ಅಂದ್ರೆ ನನ್ನ ಕರುಳು ಹಿಂಡಿದ ಹಾಗಾಗ್ತದೆ."

ಮಹಡಿಯ ಕೋಣೆ ಇಕ್ಕಟ್ಟಾಗಿತ್ತು. ಕಿಟಕಿಯ ಬಳಿ ಹಳೆಯ ಕಾಲದ ಎತ್ತರದ ಮಂಚ. ಅದಕ್ಕೆ ನೆಲ ಮುಟ್ಟುವಂತೆ ಇಳಿಬಿಟ್ಟ ಹಾಸು. ಮಂಚಕ್ಕೆ ಒತ್ತಿಕೊಂಡೇ ಒಂದು ಮೇಜು, ಮೇಲೆ ರೇಡಿಯೊ. ಕೊರಳಿಗೆ ಬಿಳಿಯ ಬಟ್ಟೆ ಸುತ್ತಿಕೊಂಡಿದ್ದ ತುಂಗಮ್ಮ ತೊಡೆಯ ಮೇಲೆ ಸ್ಲೇಟಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡವರೇ ಬಳಪ ತೆಗೆದುಕೊಂಡು ಬರೆದು ತೋರಿಸಿದರು: 'ಚೆನ್ನಾಗಿದೆ. ರಿಪೇರಿ ಬೇಡ.'

"ಅವರು ಹಾಗೇ ಅಂತಾರೆ, ನಮಗೆ ತೊಂದರೆ ಬೇಡ ಅಂತ," ಎಂದರು ತಂಗಿ.

ನನಗೆ ತಲೆ ಕೆಟ್ಟಂತಾಯಿತು. ಒಂದೇ ಮನೆ, ಒಂದೇ ರೇಡಿಯೊ. ಕಿವಿ ಪಳಗಿದವರು ಚೆನ್ನಾಗಿದೆ ಎನ್ನುತ್ತಾರೆ. ಸಂಗೀತದ ಗಂಧ ಇಲ್ಲದವರು ಒಡೆಯುತ್ತದೆ ಎನ್ನುತ್ತಾರೆ. ರೇಡಿಯೊ ಹಚ್ಚಿದೆ. ವಾರ್ತೆಯಲ್ಲಿ ಏನೂ ಇಲ್ಲ. ಗಂಡಸೊಬ್ಬ ಹಾಡಿದ, ಏನೂ ಇಲ್ಲ. ಆಮೇಲೆ ಒಬ್ಬ ಹೆಂಗಸಿನ ಹಾಡು ಬಂತು. ಆಕೆಯ ದನಿ ನಿಧಾನವಾಗಿ ಏರುತ್ತ ಮೇಲಿನ ಷಡ್ಜಕ್ಕೆ ಹೋಗಿ ನಿಂತದ್ದೇ ತಡ, ಹಾಡಿನ ಒಳಗಿಂದ 'ಝೇಂ' ಎಂದು ಕಣಜದ ಹುಳು ಹೊಕ್ಕಂತೆ ಇನ್ನೊಂದು ದನಿ ಎದ್ದಿತು.

"ಕೇಳಿ! ಒಡೀತು ನೋಡಿ!" ಎಂದರು ಪದ್ಮಾಕ್ಷಮ್ಮ. ನಾನು ಕೇಳಿದೆನೆಂದು ಖಾತ್ರಿಯಾದ ಮೇಲೆ ಕಾಫಿ ಮಾಡಲು ಕೆಳಗಿಳಿದು ಹೋದರು.

ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಚೊಕ್ಕವಾಗಿತ್ತು. ಮೇಜಿನ ಮೇಲೆ, ಕಿಟಕಿಯ ಚೌಕಟ್ಟಿನ ಮೇಲೆ ಇಟ್ಟೆ. ಆಕೆಯ ದನಿ ಮತ್ತೊಮ್ಮೆ ಏರಿತು. ನಾನು ಆಗ ಯಾಕೆ ಮಂಚದ ಕಾಲಿನ ಮೇಲೆ ಕೈ ಇಟ್ಟೆನೋ ಗೊತ್ತಿಲ್ಲ. ಮರ ನಡುಗುತ್ತಿತ್ತು. ಬೆರಳಿಗೆ ಮರಳಲ್ಲ, ಇನ್ನೂ ನುಣುಪಾದದ್ದು ಏನೋ ತಾಕಿತು.

ಬಗ್ಗಿ ಹಾಸನ್ನು ಎತ್ತಿದೆ. ಮಂಚದ ಕೆಳಗೆ, ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿದ ತಂಬೂರಿ ಮಲಗಿತ್ತು. ಸುತ್ತಿದವರು ಪೂರ್ತಿಯಾಗಿ ಸುತ್ತಿದ್ದರು. ಆಮೇಲೆ ಬೇರೆ ಯಾರೋ ತಂತಿಗಳ ಮೇಲಿನ ಬಟ್ಟೆಯನ್ನಷ್ಟೇ ಸರಿಸಿದ್ದರು. ರೇಡಿಯೊದ ಸ್ವರ ತನ್ನ ಶ್ರುತಿಗೆ ಬಂದಾಗಲೆಲ್ಲ ತಂತಿ ತಾನಾಗಿಯೇ ಮಿಡಿಯುತ್ತಿತ್ತು. ವರ್ಷಗಟ್ಟಲೆ ಮುಟ್ಟದ ತಂಬೂರಿಯ ತಂತಿ ಹೀಗೆ ಶ್ರುತಿಯಲ್ಲಿ ನಿಂತಿರುವುದಿಲ್ಲ. ತಂತಿ ಬಿಗಿಯುವ ಬಿರಡೆಗಳ ಮೇಲೆ ಕೈಯಾಡಿಸಿ ನೋಡಿದೆ. ಕೈಗೆ ಬಿಳಿಯ ಹುಡಿ ಹತ್ತಿತು. ಬಳಪದ ಹುಡಿ.

ತಲೆ ಎತ್ತಿದಾಗ ತುಂಗಮ್ಮ ಆಗಲೇ ಬರೆಯುತ್ತಿದ್ದರು. 'ಕೊಟ್ಟುಬಿಟ್ಟೆ ಅಂದಳು. ಪಾಪ, ಮನಸ್ಸು ಬಂದಿಲ್ಲ.' ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆದರು. 'ಅವಳಿಗೆ ಹೇಳಬೇಡಪ್ಪ. ನನಗೆ ಸಂಕಟವಾಗುತ್ತೆ ಅಂತ ನಿಜವಾಗಿ ಕೊಟ್ಟುಬಿಡುತ್ತಾಳೆ.'

"ಬೇಕು ಅಂತ ನೀವೇ ಹೇಳಬಹುದಲ್ಲಮ್ಮ?" ಎಂದೆ ಮೆಲ್ಲಗೆ.

ತುಂಗಮ್ಮ ಅದನ್ನೂ ಒರೆಸಿ ಬರೆದರು. 'ಬೇಡ ಅಂದವಳು ನಾನೇ.'

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ನಾನು ಹಾಸನ್ನು ಬಿಟ್ಟು ಎದ್ದು ನಿಂತೆ. ತುಂಗಮ್ಮ ಸ್ಲೇಟನ್ನು ಒರೆಸಿದರು. ಪದ್ಮಾಕ್ಷಮ್ಮ ಕಾಫಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತರು.

"ಸಿಕ್ತಾ?"

ಬೆಂಚು ನನ್ನ ಕಣ್ಣ ಮುಂದೆ ಬಂತು. ಅದರ ಮೇಲಿನ ಬೆಸುಗೆ ಕಡ್ಡಿ, ಅಳತೆಯ ಪೆಟ್ಟಿಗೆ, ಗೋಡೆಗೆ ನಾನೇ ಅಂಟಿಸಿದ್ದ ಸಂಜೆ ತರಗತಿಯ ಪ್ರಮಾಣಪತ್ರ. ದೋಷ ನನಗೆ ಸಿಕ್ಕಿತ್ತು. ಅಷ್ಟು ನಿಚ್ಚಳವಾಗಿ ಯಾವ ದೋಷವೂ ನನಗೆ ಆವರೆಗೆ ಸಿಕ್ಕಿರಲಿಲ್ಲ.

"ಇಲ್ಲಮ್ಮ. ನನಗೆ ಸಿಗಲಿಲ್ಲ."

"ನೀವೂ ಕೇಳಿದ್ರಲ್ಲ?"

"ಕೇಳಿದೆ. ಯಾಕೆ ಅಂತ ತಿಳೀಲಿಲ್ಲ."

"ಇಷ್ಟು ಸಲ ಬಿಚ್ಚಿ ಇಷ್ಟೇನಾ?" ಎಂದರು. ಆಗ ಅವರ ಕಣ್ಣು ಮಂಚದ ಕಡೆಗೆ ಹೋಯಿತು. ಹಾಸಿನ ಒಂದು ಮೂಲೆ ಮಡಿಚಿಕೊಂಡಿತ್ತು. ಲೋಟ ಕೆಳಗಿಟ್ಟು, ಬಗ್ಗಿ, ಅದನ್ನು ನೆಲ ಮುಟ್ಟುವಂತೆ ಎಳೆದು ಸರಿಮಾಡಿದರು. ಅಕ್ಕ ಕಿಟಕಿಯಾಚೆ ನೋಡುತ್ತಿದ್ದರು. ನಾನು ಬಲಗೈ ಮುಷ್ಟಿ ಬಿಗಿಹಿಡಿದು ಎಡಗೈಯಲ್ಲಿ ಕಾಫಿ ಕುಡಿದೆ.

ಅಂಗಡಿಯಲ್ಲಿ ಮೇಸ್ತ್ರಿಗಳು ಚೀಟಿಯನ್ನು ಮುಂದಿಟ್ಟರು. 'ದೋಷ' ಎಂಬ ಸಾಲು ಖಾಲಿಯಿತ್ತು. ಬಾಯಲ್ಲಿ ಸುಳ್ಳು ಹೇಳಿ ಬಂದಿದ್ದೆ. ಚೀಟಿಯಲ್ಲಿ ಬರೆಯಲು ಕೈ ಬರಲಿಲ್ಲ. ಬಹಳ ಹೊತ್ತು ಯೋಚಿಸಿ, ಒಂದು ಶಬ್ದ ಬರೆದೆ: 'ಮೇಲೆ.'

"ಮೇಲೆ ಅಂದ್ರೆ?" ಎಂದರು ಮೇಸ್ತ್ರಿಗಳು.

"ಮೇಲೆ ಅಂದರೆ ಮೇಲೆ, ಮೇಸ್ತ್ರಿ."

"ಅಂಗೈ ಇಟ್ಟು ನೋಡಿದ್ಯಾ?"

"ನೋಡಿದೆ."

"ಎಲ್ಲೆಲ್ಲಿ?"

ನಾನು ಬಲಗೈಯನ್ನು ಮತ್ತೆ ಮುಷ್ಟಿ ಮಾಡಿದೆ. ಅವರು ನನ್ನ ಮುಚ್ಚಿದ ಮುಷ್ಟಿಯನ್ನು ನೋಡಿದರು, ಮುಖವನ್ನು ನೋಡಿದರು. "ಹಾಗಾದ್ರೆ ನಾಳೆಯಿಂದ ಮುಂದುಗಡೆ," ಎಂದಷ್ಟೇ ಅಂದು ಚೀಟಿಯನ್ನು ತಂತಿಗೆ ಚುಚ್ಚಿದರು.

ಟಾರ್ಚು ಸೆಲ್ಲು ಮಾರುತ್ತ ಬಹಳ ವರ್ಷ ಕಳೆದವು. ನಾನು ಮಾಡಿದ್ದು ಸರಿಯೋ ತಪ್ಪೋ ಇಂದಿಗೂ ಗೊತ್ತಾಗಿಲ್ಲ. ಅಂದು ನಾನು ಬಾಯಿ ಬಿಟ್ಟಿದ್ದರೆ ಒಂದೇ ತಂಬೂರಿಯನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡಿದ್ದ ಆ ಇಬ್ಬರೂ ಅತ್ತು ಹಗುರಾಗುತ್ತಿದ್ದರೇ? ಇಲ್ಲ, ತಂಬೂರಿ ಆ ಮನೆಯನ್ನೇ ಬಿಟ್ಟುಹೋಗುತ್ತಿತ್ತೇ? ಹಗಲು ಕಲಿತವರಿಗೆ ಇದನ್ನು ಹೇಳಿಕೊಟ್ಟಿರುತ್ತಾರೋ ಏನೋ.

ಪದ್ಮಾಕ್ಷಮ್ಮ ಒಮ್ಮೆ ಟಾರ್ಚಿಗೆ ಸೆಲ್ಲು ಕೊಳ್ಳಲು ಬಂದಾಗ, ಬೇರೆ ಅಂಗಡಿಗೆ ತೋರಿಸಲು ಅಕ್ಕ ಒಪ್ಪಲೇ ಇಲ್ಲವೆಂದರು. "ನನಗೂ ಈಗ ಆ ಒಡಕು ರೂಢಿಯಾಗಿಬಿಟ್ಟಿದೆ. ಇಲ್ದಿದ್ರೆ ಏನೋ ಕಮ್ಮಿ ಅನ್ನಿಸ್ತದೆ," ಎಂದು ನನ್ನ ಮುಖ ನೋಡದೆ ಹೇಳಿ ಹೋದರು.

ಅದೇ ಸಂಜೆ ಅಂಗಡಿ ಮುಚ್ಚಿದ ಮೇಲೆ ಆ ಮನೆಯ ಮುಂದೆ ಹಾದುಹೋದೆ. ಮಹಡಿಯ ಕಿಟಕಿ ತೆರೆದಿತ್ತು. ರೇಡಿಯೊದಲ್ಲಿ ಯಾರೋ ಹಾಡುತ್ತಿದ್ದರು. ದನಿ ಮೇಲಕ್ಕೆ ಏರತೊಡಗಿದಾಗ ನಾನು ಬೀದಿಯ ಎರಡೂ ಕಡೆ ನೋಡಿ, ಮೆಲ್ಲಗೆ ಗೋಡೆಯ ಮೇಲೆ ಅಂಗೈ ಇಟ್ಟೆ. ಬಿಸಿಲು ಕುಡಿದ ಗೋಡೆ ಇನ್ನೂ ಬೆಚ್ಚಗಿತ್ತು. ಅದರೊಳಗೆ ಏನೋ ಸಣ್ಣಗೆ ನಡುಗುತ್ತಿತ್ತು. ಗೋಡೆಯೋ, ನನ್ನ ಕೈಯೋ.