ತಮ್ಮನ ನಾಲಿಗೆ

ಒಲೆ ಹಚ್ಚುವ ಮೊದಲು ಅಕ್ಕ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚುವಳು. "ಉಣ್ಣೋರ ಹೊಟ್ಟೆ ತಣ್ಣಗಿರಲಪ್ಪಾ" ಎನ್ನುವಳು. ಅವಳ ಪೂಜೆ ಅಷ್ಟೇ. ಆ ವರ್ಷ ರಜೆಗೆಂದು ಎಲ್ಲರೂ ಬಂದಿಳಿದ ಮರುದಿನ ಮಾತ್ರ ಬೇಡಿಕೆ ಕೊಂಚ ಉದ್ದವಾಯಿತು. "ನಾಲಿಗೆ ತಗೊಂಡಿದ್ದೀಯ, ಇರಲಿ. ಸೌಟೊಂದು ಬಿಟ್ಟುಬಿಡು."

ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅವಳ ಮೂಗನ್ನೂ ನಾಲಿಗೆಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಉಪ್ಪು ಬಾಯಿಗೆ ಮರಳು, ಸಕ್ಕರೆಯೂ ಮರಳು. ಡಾಕ್ಟರು, "ಬರಬಹುದು, ಕಾದು ನೋಡೋಣ" ಎಂದಿದ್ದರು. ಮನೆಯಲ್ಲಿ ಅವಳು ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ಏನಾಗುತ್ತದೆಂದು ಗೊತ್ತಿತ್ತು. ಎಲ್ಲರೂ ಪ್ರೀತಿಯಿಂದಲೇ ಕೈಹಿಡಿದು ಕುರ್ಚಿಯಲ್ಲಿ ಕೂರಿಸುತ್ತಾರೆ, "ಇಷ್ಟು ವರ್ಷ ಮಾಡಿದ್ದು ಸಾಕು" ಎನ್ನುತ್ತಾರೆ, ಸೌಟು ಬೇರೆ ಕೈಗೆ ಹೋಗುತ್ತದೆ. ರಜೆಯ ಊಟವಿಲ್ಲದ ಅಕ್ಕ ಈ ಮನೆಯಲ್ಲಿ ಯಾರು? ಅವಳಿಗೇ ತಿಳಿಯದು. ಗಂಡನನ್ನು ಕೇಳಿ ಉಪ್ಪು ಹಾಕುವಂತಿರಲಿಲ್ಲ. ಕಲ್ಲು ಬೇಯಿಸಿ ಬಡಿಸಿದರೂ "ಚೆನ್ನಾಗಿ ಬೆಂದಿದೆ" ಎನ್ನುವ ಪುಣ್ಯಾತ್ಮ ಆತ.

ಹಾಗಾಗಿ ಭರವಸೆಯೆಲ್ಲ ತಮ್ಮನ ಮೇಲೆ. ಚಿಕ್ಕವನಿದ್ದಾಗಿನಿಂದಲೂ ಅವನು ಅಡುಗೆಮನೆಯ ಕಳ್ಳ. ಅವಳು ಬೆನ್ನು ತಿರುಗಿಸಿದರೆ ಸಾಕು, ಪಾತ್ರೆಗೆ ಚಮಚ ಇಳಿಯುತ್ತಿತ್ತು. ಉಪ್ಪು ಕಡಿಮೆಯಾದರೆ ಹುಬ್ಬು ಮೇಲೇರುವುದು, ಹದವಾಗಿದ್ದರೆ ಕಣ್ಣು ತಾನಾಗಿ ಮುಚ್ಚುವುದು. ಈ ಸಲ ಆ ಮುಖ ನೋಡಿಕೊಂಡೇ ಅಡುಗೆ ಸಾಗಿಸಿಬಿಡುವುದೆಂದು ಅವಳ ಲೆಕ್ಕ.

ಆದರೆ ಬಂದಿಳಿದ ತಮ್ಮನಲ್ಲಿ, ಡುಮ್ಮ ಎಂದು ಅವಳೇ ಇಟ್ಟ ಹೆಸರಿಗೆ ಆಧಾರವೇ ಉಳಿದಿರಲಿಲ್ಲ. ಬೆಲ್ಟಿಗೆ ಹೊಸ ತೂತು. ಬ್ಯಾಗಿನಲ್ಲಿ ಓಡುವ ಬೂಟು, ಹಾರುವ ಹಗ್ಗ, ಒಂದು ಡಬ್ಬಿ ಬೇಯಿಸಿದ ಕಾಳು.

"ಇದೇನೋ ಡುಮ್ಮಾ, ಅಕ್ಕನ ಮನೆಗೆ ಬುತ್ತಿ ಕಟ್ಕೊಂಡು ಬಂದಿದ್ದೀಯ?"

"ಬೇಜಾರು ಮಾಡ್ಕೋಬೇಡ ಅಕ್ಕ. ಈ ಸಲ ನನ್ನನ್ನ ಬಿಟ್ಬಿಡು."

"ಅವರಿಗೆ ಈಗ ಸೌತೆಕಾಯೇ ಹೆಂಡತಿ, ಅತ್ತಿಗೆ. ನಾನು ಬರೀ ನೆಂಟಳು" ಎಂದಳು ತಮ್ಮನ ಹೆಂಡತಿ. ಮನೆಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು, ಆದರೆ ಅವಳ ಲೆಕ್ಕ ತಲೆಕೆಳಗಾಗಿತ್ತು.

ಮರುದಿನ ಬೆಳಿಗ್ಗೆ ಅವನು ಓಡಿ ಬಂದು ನೀರು ಕುಡಿಯುತ್ತಿರುವಾಗ ಸಾರಿನ ಚಮಚ ಹಿಡಿದು ಎದುರು ನಿಂತಳು.

"ಒಂದೇ ಒಂದು, ರುಚಿಗೆ."

"ಒಂದರಿಂದಲೇ ಅಕ್ಕ ಶುರುವಾಗೋದು. ಪಾತ್ರೆ ತಳ ಕಂಡ್ಮೇಲೆ ನಿಲ್ಲೋದು. ನನ್ನ ನಾಲಿಗೆ ನಂಗೊತ್ತಿಲ್ವಾ?"

"ತುದಿಗೆ ಮುಟ್ಟಿಸೋ."

"ಭಾವನ್ನ ಕೇಳು."

"ನಿಮ್ಮ ಭಾವನಿಗೆ ನಾಲಿಗೆ ಎಲ್ಲಿದೆ? ಇರೋದು ಬರೀ ಹೊಟ್ಟೆ."

ಅವನು ನಗುತ್ತಾ ಹಗ್ಗ ಹಿಡಿದು ಅಂಗಳಕ್ಕೆ ಜಾರಿಕೊಂಡ. ಅಕ್ಕ ತನ್ನನ್ನು ಕೆಡಿಸಲು ಹಟ ಹಿಡಿದಿದ್ದಾಳೆಂದೇ ಅವನ ಎಣಿಕೆ. ಅವಳು ಚಮಚವನ್ನು ಪಾತ್ರೆಗೆ ತಿರುಗಿ ಸುರಿದಳು. ಅಂದಾಜಿನ ಮೇಲೆ ಉಪ್ಪು ಹಾಕಿದಳು, ಹಾಕಿದೆನೋ ಇಲ್ಲವೋ ಎಂದು ಇನ್ನಷ್ಟು ಹಾಕಿದಳು. ಆಮೇಲೆ ಸಿಹಿಗೆಂದು ಹಾಲು ಒಲೆಗಿಟ್ಟು, ಉರಿ ಸಣ್ಣ ಮಾಡಿದೆನೆಂದುಕೊಂಡು, ಕಿಟಕಿಯ ಬಳಿ ತರಕಾರಿ ಹೆಚ್ಚುತ್ತಾ ಕೂತಳು.

ತಮ್ಮ ಅಗ್ನಿಶಾಮಕ ದಳದವನು. ಅವನ ಮೂಗಿಗೆ ರಜೆ ಇಲ್ಲ. ಹಗ್ಗ ಹಾರುತ್ತಿದ್ದವನು ನಡುವೆಯೇ ನಿಂತ. ಹಗ್ಗ ಬಿಸಾಡಿ, ಬೂಟಿನಲ್ಲೇ ಒಳಗೆ ನುಗ್ಗಿ ಒಲೆ ಆರಿಸಿದ. ಹಾಲು ತಳ ಹಿಡಿದು ಕರಕಾಗಿತ್ತು. ಅಡುಗೆಮನೆಯಲ್ಲಿ ಮೂಗು ಮುಚ್ಚಿಕೊಳ್ಳುವಷ್ಟು ಸೀದ ವಾಸನೆ. ಅಕ್ಕ ಮಾತ್ರ ಅದರ ಮಧ್ಯೆ ಹಾಯಾಗಿ ಕ್ಯಾರೆಟ್ ಹೆಚ್ಚುತ್ತಿದ್ದಳು.

ಅವನು ಅವಳನ್ನೇ ನೋಡಿದ. ಬುಟ್ಟಿಯಿಂದ ಏನನ್ನೋ ತೆಗೆದು ಜಜ್ಜಿ, ಮುಷ್ಟಿಯನ್ನು ಅವಳ ಮೂಗಿನ ಹತ್ತಿರ ತಂದ.

"ಏನಿದು, ಹೇಳು."

ಅವಳು ಅವನ ಕಣ್ಣಲ್ಲಿ ಉತ್ತರ ಹುಡುಕಿದಳು. "ಏಲಕ್ಕಿ."

ಮುಷ್ಟಿಯಲ್ಲಿದ್ದದ್ದು ಬೆಳ್ಳುಳ್ಳಿ.

"ಯಾವಾಗಿಂದ ಅಕ್ಕ?"

"ಚಳಿಗಾಲದಿಂದ. ನಿನ್ನ ದಮ್ಮಯ್ಯ, ಹೇಳ್ಬೇಡ ಕಣೋ. ಸೌಟು ಇಸ್ಕೊಂಡ್ಬಿಡ್ತಾರೆ."

ತಮ್ಮ ಅವಳ ಪಕ್ಕ ನೆಲದ ಮೇಲೆ ಕೂತ. "ಒಂದಿನ ಬೆಂಕಿ ಆರಿಸೋಕೆ ಮೆಟ್ಟಿಲು ಹತ್ತೋವಾಗ ಅರ್ಧಕ್ಕೇ ಉಸಿರು ಹೋಯ್ತು. ನನಗಿಂತ ಚಿಕ್ಕವನು ಬಂದು, 'ನೀವು ಕೂತ್ಕೊಳಿ ಅಣ್ಣಾ' ಅಂತ ಕೈಯಲ್ಲಿದ್ದ ಪೈಪು ಇಸ್ಕೊಂಡ. ಪ್ರೀತಿಯಿಂದಲೇ ಇಸ್ಕೊಂಡ. ಅವತ್ತಿಂದ ಓಡ್ತಾ ಇದೀನಿ."

ಆಮೇಲೆ ಅವನೇ ಎದ್ದು ಡ್ರಾಯರಿನಲ್ಲಿ ತಡಕಾಡಿ ಉಪ್ಪಿನ ಡಬ್ಬಿಯ ಪುಟ್ಟ ಚಮಚ ತಂದ. "ಇದರಲ್ಲಿ ಕೊಡು. ಎಲ್ಲದರಲ್ಲೂ ಕೊಡು."

ಸಾರು ಬಾಯಿಗಿಟ್ಟು ಹುಬ್ಬು ಹಾರಿಸಿದ. "ಅಯ್ಯೋ, ಇದು ಸಾರಲ್ಲ, ಸಮುದ್ರ!" ನೀರು ಬೆರೆಸಿದರು, ಬೇಯಿಸಿದ ಆಲೂಗಡ್ಡೆ ಹಿಸುಕಿ ಹಾಕಿದರು, ಹುಳಿ ಹಿಂಡಿದರು. ಹೊಸ ಹಾಲು ಒಲೆಗೇರಿತು. ಪ್ರತಿ ಸಲ ಆ ಪುಟ್ಟ ಚಮಚವನ್ನು ಅವನು ಬಾಯಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳುತ್ತಿದ್ದನೆಂದರೆ, ತಟ್ಟೆಗಟ್ಟಲೆ ತಿನ್ನುತ್ತಿದ್ದ ಕಾಲದಲ್ಲೂ ಅವಳು ಅವನನ್ನು ಹಾಗೆ ಕಂಡಿರಲಿಲ್ಲ. ಕಡೆಗೆ ಸಿಹಿಯ ಸರದಿ ಬಂತು. ಅವನ ಕಣ್ಣು ಮುಚ್ಚಿತು. ಅವಳ ಬಾಯಿಗೆ ಮರಳೇ ಆಗಿದ್ದ ಆ ಸಿಹಿ ತಮ್ಮನ ಮುಖದಲ್ಲಿ ಅವಳಿಗೆ ದಕ್ಕಿತು.

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತರು. ತಮ್ಮನ ತಟ್ಟೆಯಲ್ಲಿ ಕಾಳು, ಹಸಿ ತರಕಾರಿ, ಮೂಲೆಯಲ್ಲಿ ಒಂದು ತುತ್ತು ಸಿಹಿ. ಅಕ್ಕ ಸೌಟು ಹಿಡಿದು ಬಂದಾಗ ಅಭ್ಯಾಸದಂತೆ ತಟ್ಟೆಗೆ ಕೈ ಅಡ್ಡ ಹಿಡಿದ. ಎಷ್ಟೋ ವರ್ಷ ಆ ಕೈಯನ್ನು ಪಕ್ಕಕ್ಕೆ ತಳ್ಳಿ ಬಡಿಸಿದವಳು ಇಂದು ಸೌಟನ್ನು ಹಿಂದಕ್ಕೆ ತೆಗೆದುಕೊಂಡಳು.

"ಅತ್ತಿಗೆ, ಉಪ್ಪು ಹುಳಿ ಎಲ್ಲ ಕೂದಲೆಳೆ ತಪ್ಪಿಲ್ಲ. ಇದೇ ಕೈ ಯಾವತ್ತೂ ಇರಲಿ" ಎಂದಳು ತಮ್ಮನ ಹೆಂಡತಿ.

ಹೂಂ ಎಂದು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ದೇವರ ಮುಂದೆ ಹಿಡಿದ ಸೌಟನ್ನೇ ಹಿಡಿದು ನಿಂತು ಹಾಗೆನ್ನಲು ಅವಳಿಗಾಗಲಿಲ್ಲ. "ಕೈ ನಂದು. ನಾಲಿಗೆ ನಿನ್ನ ಗಂಡಂದು. ನನ್ನದು ಜ್ವರದ ಜೊತೆ ಹೋಯ್ತು ಕಣೇ."

ಅವಳು ಸೌಟನ್ನು ಬಿಗಿಯಾಗಿ ಹಿಡಿದಳು. ಆದರೆ ಯಾರೂ ಕುರ್ಚಿ ಎಳೆಯಲಿಲ್ಲ.

ತಮ್ಮನ ಹೆಂಡತಿ ನಿಧಾನವಾಗಿ ಬೆರಳು ನೆಕ್ಕಿ ತಟ್ಟೆ ಮುಂದಕ್ಕೆ ಚಾಚಿದಳು. "ಹಾಗಾದ್ರೆ ನಾಳೆ ರುಚಿ ನೋಡೋಕೆ ನಾನು ಬರ್ತೀನಿ. ಇವರೊಬ್ಬರೇ ಯಾಕೆ ಚಪ್ಪರಿಸ್ಬೇಕು? ಈಗ ಸಿಹಿ ಬಡಿಸಿ, ಅತ್ತಿಗೆ."

"ನನ್ನನ್ನೂ ಒಂದು ಮಾತು ಕೇಳಬಹುದಿತ್ತು" ಎಂದರು ಭಾವ ನೊಂದ ದನಿಯಲ್ಲಿ. ಆಗ ಎದ್ದ ನಗುವಿನಲ್ಲಿ ಅಕ್ಕ ಕಣ್ಣೊರೆಸಿಕೊಂಡದ್ದು ಯಾರಿಗೂ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಸೌಟು ಹಿಡಿದು ಕಣ್ಣು ಮುಚ್ಚಿ ತೆರೆದಾಗ ತಮ್ಮ ಬಾಗಿಲಲ್ಲಿ ಬೂಟು ಕಟ್ಟಿ ನಿಂತಿದ್ದ, ಗೂಡಿನ ಮರಿಯಂತೆ ಬಾಯಿ ತೆರೆದುಕೊಂಡು.

"ಬೇಗ ಹಾಕು ಅಕ್ಕ, ಅವಳು ಏಳೋದ್ರೊಳಗೆ. ಓಡೋಕೆ ಹೋಗ್ಬೇಕು."

ಅವಳು ನಿನ್ನೆ ಉಳಿದ ಸಿಹಿಯಿಂದ ಪುಟ್ಟ ಚಮಚ ತುಂಬಿದಳು. ಅವನ ಬೂಟನ್ನೊಮ್ಮೆ ನೋಡಿ, ಅರ್ಧವನ್ನು ಮತ್ತೆ ಪಾತ್ರೆಗೆ ಸುರಿದು, ಉಳಿದರ್ಧ ಅವನ ಬಾಯಿಗಿಟ್ಟಳು.