ಕಾಲೇಜಿನ ಎಲೆಅಡಿಕೆ

ಪುಟ್ಟಸ್ವಾಮಿಯ ಕಾರಿನಲ್ಲಿ ಯಾವಾಗಲೂ ಬಾಳೆಹಣ್ಣು ಕೊಳೆಯುವ ವಾಸನೆ. ಅದರ ಮೇಲೆ ಅವನು ಮೈಗೆಲ್ಲ ಹೊಡೆದುಕೊಂಡ ಸೆಂಟು. ಎರಡೂ ಸೇರಿ, ರಾಮನಗರ ದಾಟುವ ಮೊದಲೇ ಲತಾಮಣಿಗೆ ಹೊಟ್ಟೆ ತೊಳಸುತ್ತಿತ್ತು. ಗಾಜು ಇಳಿಸಿ ಮುಖವನ್ನು ಗಾಳಿಗೆ ಒಡ್ಡುವಳು. “ಏಸಿ ಹಾಕಿದೀನಲ್ಲ ಮೇಡಂ, ಗಾಜು ಏರ್ಸಿ” ಎನ್ನುವನು. ಏರಿಸುವಳು. ಆಗುವುದಿಲ್ಲ ಎನ್ನಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಬಿ.ಎಸ್ಸಿ.ಯ ಅಷ್ಟೂ ವರ್ಷ ಮುಂದಿನ ಬೆಂಚಿನಲ್ಲಿ ಕೂತು, ಒಂದೇ ಒಂದು ಪ್ರಶ್ನೆ ಕೇಳದೆ ಪಾಸಾಗಿ ಬಂದ ಹುಡುಗಿ ಅವಳು.

ಮಾಗಡಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ರಾಮನಗರದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದಳು. ಹುದ್ದೆ ಕರಿಯರ್ ಕೌನ್ಸಿಲರ್. ಅವಳಪ್ಪ ಮುನಿಯಪ್ಪ “ನಮ್ ಮಗ್ಳು ಕೌನ್ಸಿಲರ್ ಆಗವ್ಳೆ” ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಯಾವ ವಾರ್ಡಿಂದ ಗೆದ್ದಳು ಎಂದು ಜನ ಕೇಳಿದ್ದರು.

ಹಳ್ಳಿಗಳ ಸರ್ಕಾರಿ ಹೈಸ್ಕೂಲಿಗೆ ಹೋಗಿ ‘ಎಸ್ಸೆಸ್ಸೆಲ್ಸಿ ಆದ ಮೇಲೆ ಏನು?’ ಎಂದು ಹತ್ತನೇ ತರಗತಿಯ ಮಕ್ಕಳಿಗೆ ಹೇಳುವುದು ಅವಳ ಕೆಲಸ. ಪಾಪ, ಅದನ್ನು ಅವಳು ನಂಬಿದ್ದಳು. ಡಿಪ್ಲೊಮಾ, ಐಟಿಐ, ಸರ್ಕಾರಿ ಪಿಯು, ಹಾಸ್ಟೆಲ್ಲಿಗೆ ಅರ್ಜಿ ಹಾಕುವ ಬಗೆ, ಎಲ್ಲವನ್ನೂ ಓದಿಕೊಂಡು ಹೋಗಿ, ದನಿ ನಡುಗಿಸಿಕೊಂಡೇ ಹೇಳಿ ಬರುತ್ತಿದ್ದಳು. ಕಾಲೇಜಿಗೆ ಮಕ್ಕಳನ್ನು ಹಿಡಿದು ತರುವ ಪಿಆರ್‌ಓ ಪುಟ್ಟಸ್ವಾಮಿ ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ. ವಾಪಸು ಬರುವಾಗ ಏಲಕ್ಕಿ ಜಗಿಯುತ್ತ, “ನೀವು ಊರಿಗೆಲ್ಲ ದಾರಿ ತೋರ್ಸಕ್ಕೆ ಹೋಗ್ಬೇಡಿ ಮೇಡಂ. ಒಂದೇ ದಾರಿ ತೋರ್ಸಿ. ಅದು ಸೀದಾ ನಮ್ ಗೇಟಿಗೆ ಬರ್ಬೇಕು” ಎಂದ.

ಕನಕಪುರ ರಸ್ತೆಯ ಗುಡ್ಡೇದೊಡ್ಡಿಯ ಶಾಲೆಯಲ್ಲಿ ಹತ್ತನೇ ತರಗತಿಯ ನಯನ ಎದ್ದು ನಿಂತು ಕೇಳಿದ್ದು ಅದಕ್ಕೂ ಮುಂಚೆ. ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆದುಕೊಂಡ, ಮೊಂಡು ಗಲ್ಲದ ಹುಡುಗಿ.

“ಮಿಸ್, ಕುರಿ ಡಾಕ್ಟ್ರಾಗಕ್ಕೆ ಏನೋದ್ಬೇಕು?”

ಹುಡುಗರ ಸಾಲಿನಿಂದ ಯಾರೋ ‘ಬ್ಯಾ’ ಎಂದರು. ಅವಳು ಅತ್ತ ತಿರುಗಲೂ ಇಲ್ಲ.

“ನಮ್ಮಪ್ಪ ಅಂಗ್ಡಿಗೋಗಿ ಬಾಟ್ಲು ಬಣ್ಣ ಹೇಳಿ ಔಸ್ದಿ ತತ್ತದೆ ಮಿಸ್. ಹಸ್ರು ಬಾಟ್ಲು ಕೊಡಿ ಅಂತದೆ. ಹೋದ್ವರ್ಸ ಹಸ್ರು ಬಾಟ್ಲಲ್ಲಿ ಬೇರೆ ಏನೋ ಬಂದಿತ್ತು. ಮರಿ ಎಲ್ಲ ಹೋದೋ. ಅದ್ರ ಮೇಲೆ ಏನ್ ಬರ್ದಿರ್ತಾರೆ ಅಂತ ಓದಕ್ ಬಂದ್ರೆ ಸಾಕು ನಂಗೆ.”

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆಯೆಂದು ಲತಾಮಣಿ ಹೇಳಿದಳು. ಎಲ್ಲಿ, ಯಾವಾಗ ಅರ್ಜಿ ಹಾಕಬೇಕು, ಯಾವ ಯಾವ ಕಾಗದ ಬೇಕು ಎಂದು ಬೋರ್ಡಿನ ಮೂಲೆಯಲ್ಲಿ ಬರೆದು, ತನ್ನ ಫೋನ್ ನಂಬರನ್ನೂ ಕೊಟ್ಟಳು. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಿಟಕಿಯ ಕಡೆ ತಿರುಗಿ ತಾನೊಬ್ಬಳೇ ನಕ್ಕಳು.

ಫಲಿತಾಂಶ ಬಂದ ಮರುದಿನದಿಂದ ಪುಟ್ಟಸ್ವಾಮಿಯ ತಟ್ಟೆಗಳು ಹೊರಟವು.

ಒಂದೊಂದು ಸ್ಟೀಲ್ ತಟ್ಟೆ. ಅದರಲ್ಲಿ ಎಲೆಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮ, ಒಂದು ರವಿಕೆ ಕಣ. ಕಣಗಳನ್ನು ಚನ್ನಪಟ್ಟಣದಲ್ಲಿ ಸಗಟಾಗಿ ತಂದಿದ್ದ. ಎಲ್ಲವೂ ಒಂದೇ ಗಿಣಿಹಸಿರು. “ಪಾಂಪ್ಲೆಟ್ ಕೊಟ್ರೆ ಅದ್ರಲ್ಲಿ ಬೋಂಡ ಕಟ್ಕೊಂಡ್ ತಿಂತಾರೆ. ಎಲೆಅಡಿಕೆ ಕೊಟ್ರೆ ದೇವ್ರ ಮುಂದೆ ಇಡ್ತಾರೆ. ನಾನೂ ಇದೇ ಮಣ್ಣಲ್ಲಿ ಹುಟ್ಟಿರೋನು ಮೇಡಂ” ಎನ್ನುತ್ತಿದ್ದ. ಗಂಡಸು ಹೆಂಗಸರ ಮಡಿಲಿಗೆ ಹಾಕುವ ಹಾಗಿಲ್ಲವಲ್ಲ, ಅದಕ್ಕೆ ಲತಾಮಣಿಯ ಕೈ ಬೇಕಾಗಿತ್ತು.

ಗುಡ್ಡೇದೊಡ್ಡಿಯ ಕೊನೆಯ ಮನೆಯ ಅಂಗಳದಲ್ಲಿ ಇಳಿದಾಗ, ಅದು ಯಾರ ಮನೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಇದ್ದದ್ದು ಮುದುಕ ಮುದುಕಿ, ಚಿಕ್ಕಯ್ಯ ಮತ್ತು ಭದ್ರಮ್ಮ. ಮಗ ಬೀರೇಶ್ ಹೆಂಡತಿಯ ಜೊತೆ ಕುರಿ ಹೊಡೆದುಕೊಂಡು ಮಂಡ್ಯದ ಗದ್ದೆ ಬಯಲಿಗೆ ಹೋಗಿದ್ದ. ಬೇಸಿಗೆಯಲ್ಲಿ ಗದ್ದೆಗಳಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕೆ ಬದಲು ಭತ್ತ ಸಿಗುತ್ತದೆ. ಮೊಮ್ಮಗಳು ಅಪ್ಪ ಅಮ್ಮನನ್ನು ನೋಡಿ ಬರಲು ಅಲ್ಲಿಗೇ ಹೋಗಿದ್ದಳು.

“ನಯನ ಅಂತ ತಾನೆ ಅವ್ವ, ನಿಮ್ ಮೊಮ್ಮಗ್ಳು? ನಮ್ ಕಾಲೇಜು ಅವ್ಳನ್ನ ಕರ್ಯಕ್ ಬಂದೈತೆ” ಎಂದ ಪುಟ್ಟಸ್ವಾಮಿ.

ಲತಾಮಣಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. “ಸಾರ್, ಈ ಹುಡುಗಿಗೆ ಬೇರೆ…” ಎಂದಳು.

“ಸೆರಗು ಹಿಡ್ದವ್ರೆ ಅವ್ವ. ಹಾಕಿ ಮೇಡಂ.”

ಹಾಕಿದಳು. ಭದ್ರಮ್ಮ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿಗೆ ಇಟ್ಟು ಬಂದಳು. ಆಮೇಲೆ ಪುಟ್ಟಸ್ವಾಮಿ, ಟೀಸಿ ಮಾರ್ಕ್ಸ್‌ಕಾರ್ಡು ಮನೆಯಲ್ಲಿಟ್ಟರೆ ಇಲಿ ಕಡಿಯುತ್ತವೆ, ಕಾಲೇಜಿನ ಬೀರುವಿನಲ್ಲಿ ಭದ್ರವಾಗಿರುತ್ತವೆ ಎಂದ. ಮುದುಕಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರು ತಂದು ಎರಡೂ ಕೈಯಲ್ಲಿ ಕೊಟ್ಟಳು. ಕೊಟ್ಟು, ಇವರಿಗೆ ಮಜ್ಜಿಗೆ ಮಾಡಲು ಒಳಗೆ ಹೋದಳು. ಪುಟ್ಟಸ್ವಾಮಿ ಮಜ್ಜಿಗೆ ಕುಡಿದು, ಲೋಟದ ತಳದ ಕೊತ್ತಂಬರಿಯನ್ನು ಬೆರಳಿನಿಂದ ಬಳಿದು ನೆಕ್ಕಿದ. ಕಾರು ಊರು ದಾಟಿದ ಮೇಲೆ, “ಒಂದ್ ಕುರಿ ದೊಡ್ಡಿಗ್ ಬಿತ್ತು” ಎಂದು ನಗುತ್ತ ಗಾಜು ಇಳಿಸಿ ಉಗಿದ. ಹಿಂದಿನ ಸೀಟಿನಲ್ಲಿ ಲತಾಮಣಿ ಕುಂಕುಮ ಹತ್ತಿದ್ದ ತನ್ನ ಬೆರಳುಗಳನ್ನು ದುಪಟ್ಟಾಕ್ಕೆ ಒರೆಸಿದಳು. ಹೋಗಲಿಲ್ಲ.

ಕೆಲವು ವಾರ ಕಳೆದು ನಯನಳ ಫೋನು ಬಂತು.

“ಮಿಸ್, ಡಿಪ್ಲೊಮಾಗೆ ಬುಧ್ವಾರ ಬಾ ಅಂತ ಕರ್ದವ್ರೆ! ಅಸಲು ಟೀಸಿ, ಮಾರ್ಕ್ಸ್‌ಕಾರ್ಡು ಇರ್ಲೇಬೇಕಂತೆ. ಅವು ನಿಮ್ ಕಾಲೇಜಲ್ಲಿ ಅವೆಯಂತೆ. ತರಣ ಬಾ ಅಂದ್ರೆ ಅಜ್ಜಿ ಬರಕಿಲ್ಲ ಅಂತದೆ. ಎಲೆಅಡಿಕೆ ಈಸ್ಕಂಡ್ಬುಟ್ಟಿದೀನಿ, ಮಾತು ಮಾತೇ ಅಂತದೆ. ಯಾರ್ ಮಿಸ್ ಬಂದಿದ್ದು ನಮ್ಮನೆಗೆ?”

“ನಾನು ಕೇಳ್ತೀನಿ ಇರು” ಎಂದಳು ಲತಾಮಣಿ. ಅಷ್ಟೇ ಹೇಳಿದಳು.

ಕೇಳಿದಳು ಕೂಡ. ಪುಟ್ಟಸ್ವಾಮಿ ಬೀರುವಿನ ಬೀಗದ ಕೈಯಿಂದ ಕಿವಿ ತುರಿಸಿಕೊಳ್ಳುತ್ತ ಕೂತಿದ್ದ.

“ಕುರಿ ಡಾಕ್ಟ್ರೇ? ಏನ್ ಮೇಡಂ, ನಾನು ಮನುಷ್ಯರ ಡಾಕ್ಟ್ರು ಮಾಡಣ ಅಂತಿದ್ರೆ! ನೀಟ್ ಬರೀಲಿ. ನಾನೇನ್ ಕೆಡಕು ಮಾಡ್ದೆ ಅವ್ಳಿಗೆ?”

“ಟೀಸಿ ಕೊಟ್ಬಿಡಿ ಸಾರ್. ಬುಧವಾರ ಬೇಕಂತೆ.”

“ಚೇರ್ಮನ್ ಸಹಿ ಬೇಕು. ಊರಲ್ಲಿಲ್ಲ ಅವ್ರು. ಮುಂದಿನ್ ವಾರ ನೋಡಣ.” ಚೇರ್ಮನ್ನರು ಆ ಹೊತ್ತಿನಲ್ಲಿ ಮೇಲಿನ ರೂಮಿನಲ್ಲಿ, ಬಿಡದಿಯಿಂದ ತರಿಸಿದ ತಟ್ಟೆಇಡ್ಲಿ ತಿನ್ನುತ್ತಿದ್ದರು, ಬೆಣ್ಣೆಯ ವಾಸನೆ ಮೆಟ್ಟಿಲಿಳಿದು ಬರುತ್ತಿತ್ತು. “ಅದೂ ಅಲ್ದೆ, ಮುದ್ಕಿ ಬಂದು ಕೇಳಲ್ಲ, ನೀವ್ ಸುಮ್ನಿರಿ. ಆ ಜನ ಪ್ರಾಣ ಬುಟ್ಟಾರು, ಈಸ್ಕಂಡಿರೋ ಎಲೆಅಡಿಕೆ ಬುಡಲ್ಲ.”

ಅವನ ಮುಖದಲ್ಲಿ ಆಗ ಒಂದು ಬಗೆಯ ಮೆಚ್ಚುಗೆ ಇತ್ತು. ಲತಾಮಣಿಗೆ ವಾಕರಿಕೆ ಬಂದದ್ದು ಅದಕ್ಕೆ. ಆ ಮುದುಕಿ ಎಷ್ಟು ನಿಯತ್ತಿನವಳು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಕೈ ಹಾಕಿದ್ದ, ಹಣ್ಣಾಗಿದೆಯೇ ಎಂದು ಒತ್ತಿ ನೋಡಿ ಕೀಳುವ ಹಾಗೆ. ಬಾತ್‌ರೂಮಿಗೆ ಹೋಗಿ ಸೋಪು ಸವೆಯುವಷ್ಟು ಕೈ ತೊಳೆದಳು. ಆ ಕಾಲೇಜಿನ ಸೋಪಿಗೂ ಅವನ ಸೆಂಟಿನ ವಾಸನೆಯೇ.

ಭಾನುವಾರ ಅವಳೊಬ್ಬಳೇ ಗುಡ್ಡೇದೊಡ್ಡಿಗೆ ಹೋದಳು. ಅಂಗಳದ ಮೂಲೆಯಲ್ಲಿ ಕುರಿ ಹಿಕ್ಕೆಯ ರಾಶಿ, ಎರಡು ತಬ್ಬಲಿ ಮರಿಗಳು. ಆ ನಾತ ಅವಳಿಗೆ ಏನೂ ಅನ್ನಿಸಲಿಲ್ಲ. ನಯನ ಒಂದು ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದವಳು “ಮಿಸ್!” ಎಂದು ಓಡಿ ಬಂದಳು. ಅಷ್ಟರಲ್ಲಿ ಭದ್ರಮ್ಮ ಹೊಸಿಲಿಗೆ ಬಂದು ಕಣ್ಣ ಮೇಲೆ ಕೈಯಿಟ್ಟು ನೋಡಿ, “ನೀನೇ ಅಲ್ವ, ಅವತ್ತು ನನ್ ಮಡ್ಲಿಗ್ ಹಾಕ್ದೋಳು?” ಎಂದಳು.

ನಯನ ಹಾಗೇ ನಿಂತಳು. “ನೀವಾ ಮಿಸ್?”

ಲತಾಮಣಿ ತಲೆ ಆಡಿಸಿದಳು. ಹುಡುಗಿ ಹಿಂದಕ್ಕೆ ಹೋಗಿ ಮರಿಯ ಪಕ್ಕ ಕೂತಳು. ಮತ್ತೆ ಇತ್ತ ನೋಡಲಿಲ್ಲ.

“ಅದು ಶಾಸ್ತ್ರ ಅಲ್ಲ ಅಜ್ಜಿ” ಎಂದಳು ಲತಾಮಣಿ ನೆಲ ನೋಡುತ್ತ. “ಮನೆಮನೆಗೂ ಹಂಚ್ತಾರೆ. ಅದು ಅವರ ವ್ಯಾಪಾರ. ಅದಕ್ಕೆ ನೀವು ಕಟ್ಟುಬೀಳಬೇಡಿ.”

“ವ್ಯಾಪಾರ ಅವ್ನಿಗೆ. ಈಸ್ಕಂಡೋಳು ನಾನು” ಎಂದಳು ಭದ್ರಮ್ಮ. “ನಮ್ ದೊಡ್ಡುಡ್ಗಿಗೂ ಹಿಂಗೇ, ಎಲೆಅಡಿಕೆ ಆದ್ಮೇಲೆ ಗಂಡು ಕುಡುಕ ಅಂತ ಗೊತ್ತಾಯ್ತು. ಆಗ್ಲೂ ಮಾತ್ ಮುರೀಲಿಲ್ಲ ನಾವು. ಕೊಟ್ಟೋ.”

“ಚೆನ್ನಾಗಿದಾರಾ ಅವರು?”

“ಆ ಮಾತ್ ಬುಡು.”

ಜಗಲಿಯ ಮೇಲೆ ಮಲಗಿದ್ದ ಚಿಕ್ಕಯ್ಯ ಕೆಮ್ಮಿದ. ಭದ್ರಮ್ಮ ಮೊಮ್ಮಗಳ ಬೆನ್ನನ್ನು ನೋಡಿದಳು.

“ಮುರಿಯಕ್ಕೂ ಒಂದ್ ರೀತಿ ಐತೆ” ಎಂದಳು ಆಮೇಲೆ. “ಕೊಟ್ಟ ಕೈನೇ ವಾಪಸ್ ಈಸ್ಕಬೇಕು. ನಾಕ್ ಜನದ್ ಮುಂದೆ, ತಪ್ಪು ನಮ್ದು ಅಂತ ಬಾಯ್ಬುಟ್ಟು ಹೇಳ್ಬೇಕು. ಆಗ ನನ್ ಮಾತು ನನ್ತಾವೇ ಉಳೀತದೆ. ಆದ್ರೆ ಮರ್ವಾದೆ ಹೋಯ್ತದೆ ಅಂತ ಯಾರೂ ಈಸ್ಕಳಕಿಲ್ಲ ಕಣವ್ವ. ನೀನು ಈಸ್ಕತೀಯಾ?”

ನಾಲ್ಕು ಜನರ ಮುಂದೆ. “ಈಸ್ಕೋತೀನಿ” ಎಂದಳು ಲತಾಮಣಿ.

“ಬಾಳೆಹಣ್ಣು ಬೇರೆ ತರ್ಬೇಕು ಕಣೆ” ಎಂದ ಚಿಕ್ಕಯ್ಯ ಮಲಗಿದಲ್ಲಿಂದಲೇ. “ಅವು ಅವತ್ತೇ ನನ್ ಹೊಟ್ಟೆ ಸೇರ್ಕಂಡೋ.”

ಮಂಗಳವಾರ ಕಾಲೇಜಿನಲ್ಲಿ ಅಡ್ಮಿಶನ್ನಿನ ಜಾತ್ರೆ. ವರಾಂಡದ ತುಂಬ ಅಪ್ಪಂದಿರು, ಅವ್ವಂದಿರು, ಗೋಡೆಯ ಮೇಲೆ ರ‍್ಯಾಂಕ್ ಬಂದವರ ಫ್ಲೆಕ್ಸು, ಫಿನಾಯಿಲ್ ವಾಸನೆ. ಪುಟ್ಟಸ್ವಾಮಿ ಬಾಗಿಲ ಬಳಿ ನಿಂತು ಒಬ್ಬೊಬ್ಬರಿಗೂ ಕೈ ಮುಗಿಯುತ್ತಿದ್ದ. ಭದ್ರಮ್ಮ ಬಂದಳು. ತಲೆ ತುಂಬ ಸೆರಗು ಹೊದ್ದು, ಕಂಚಿನ ತಟ್ಟೆಯನ್ನು ಎದೆಗೆ ಆನಿಸಿ ಹಿಡಿದಿದ್ದಳು. ಹೊಸ ಎಲೆ, ಹೊಸ ಅಡಿಕೆ, ಹೊಸ ಬಾಳೆಹಣ್ಣು, ಮಡಿಕೆಯನ್ನೂ ಬಿಚ್ಚದ ಅದೇ ಗಿಣಿಹಸಿರು ಕಣ. ಹಿಂದೆ ನಯನ.

“ಓಹೋ ಬನ್ನಿ ಅವ್ವ! ಇದೆಲ್ಲ ಯಾಕ್ ತರಕ್ಕೋದ್ರಿ?” ಎಂದ ಪುಟ್ಟಸ್ವಾಮಿ.

ಭದ್ರಮ್ಮ ಅವನನ್ನು ಬಳಸಿಕೊಂಡು ಮುಂದೆ ಹೋಗಿ ಲತಾಮಣಿಯ ಮೇಜಿನ ಮುಂದೆ ನಿಂತಳು. ಲತಾಮಣಿ ಎದ್ದಳು. ದುಪಟ್ಟಾವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು.

“ತಪ್ಪು ನಮ್ಮದು. ಈಸ್ಕೊಂಡೆ” ಎಂದಳು.

“ಜೋರಾಗ್ ಹೇಳವ್ವ. ನಂಗೇ ಕೇಳ್ನಿಲ್ಲ.”

“ಮೇಡಂ, ಏನ್ ನಾಟಕ ಇದು?” ಎಂದು ಪುಟ್ಟಸ್ವಾಮಿ ಬಂದ. ಅವನ ಸೆಂಟು ಅವನಿಗಿಂತ ಮುಂಚೆ ಬಂತು. ಆ ಹೇಸಿಗೆಯಲ್ಲೇ ಲತಾಮಣಿ ಕೂಗಿದಳು:

“ತಪ್ಪು ನಮ್ಮದು! ಸುಳ್ಳು ಶಾಸ್ತ್ರ ಮಾಡಿ ಈ ಅಜ್ಜಿ ಮಡಿಲಿಗೆ ಎಲೆಅಡಿಕೆ ಹಾಕಿದ್ದು ನಾವು. ವಾಪಸ್ ಈಸ್ಕೊಂಡೆ!”

ವರಾಂಡದವರೆಲ್ಲ ಇತ್ತ ತಿರುಗಿದರು. ಭದ್ರಮ್ಮ ತಟ್ಟೆಯನ್ನು ಬಗ್ಗಿಸಿದಳು. ಎಲ್ಲವೂ ಜಾರಿ ದುಪಟ್ಟಾಕ್ಕೆ ಬಿತ್ತು.

ಸಾಲಿನಲ್ಲಿದ್ದ ದೊಡ್ಡಲಕ್ಷ್ಮಮ್ಮ ಎಂಬ ಹೆಂಗಸು, “ಹಿಂಗೂ ವಾಪಸ್ ಕೊಡ್ಬೌದಾ? ನಮ್ಮನೆಗೂ ಇದೇ ಹಸ್ರು ಕಣ ಕೊಟ್ಟವ್ರೆ ಕಣಕ್ಕ! ಬ್ಯಾಡ ಅಂದ್ರೂ ಬುಡ್ದೆ ಎಳ್ಕಂಡ್ ಬಂದೆ ನಮ್ಮುಡ್ಗನ್ನ” ಎಂದಳು. ಅವಳ ಹಿಂದಿನವಳು ಚೀಲದಿಂದ ಕಣ ತೆಗೆದು ತೋರಿಸಿದಳು. ಅವಳ ಹಿಂದಿನವಳೂ ಚೀಲಕ್ಕೆ ಕೈ ಹಾಕಿದಳು.

ಪುಟ್ಟಸ್ವಾಮಿ ಹಣೆ ಒರೆಸಿಕೊಂಡ. “ಅಯ್ಯೋ, ಟೀಸಿ ತಾನೆ? ತಗಳ್ಳಿ ಅವ್ವ, ನಿಮ್ದೇ ಅಲ್ವ” ಎಂದು ಹಲ್ಲು ಬಿಡುತ್ತ ಬೀರುವಿಗೆ ಓಡಿದ. ಊರಲ್ಲಿಲ್ಲದ ಚೇರ್ಮನ್ನರ ಸಹಿ ಯಾರಿಗೂ ಬೇಕಾಗಲಿಲ್ಲ. ಪ್ಲಾಸ್ಟಿಕ್ ಕವರನ್ನು ನಯನಳ ಕೈಗಿಟ್ಟು, ಅಜ್ಜಿಯನ್ನು, ಬೆನ್ನು ನೂಕುವುದೊಂದು ಬಿಟ್ಟು, ನಯವಾಗಿ ಬಾಗಿಲ ಕಡೆಗೆ ಸಾಗಹಾಕಿದ. ನಯನ ಕವರು ಬಿಚ್ಚಿ, ಎರಡೂ ಕಾಗದ ಇವೆಯೇ ಎಂದು ನೋಡಿಕೊಂಡೇ ಹೊಸಿಲು ದಾಟಿದಳು.

ಆಮೇಲೆ ಅವನು ಲತಾಮಣಿಯ ಬಳಿ ಬಂದ. ಬೈಯುತ್ತಾನೆ ಎಂದುಕೊಂಡಳು. ಬೈಯಲಿಲ್ಲ. ಅವಳ ದುಪಟ್ಟಾದೊಳಗೆ ಎರಡು ಬೆರಳು ಹಾಕಿ ರವಿಕೆ ಕಣವನ್ನು ಹೆಕ್ಕಿ, ಫೂ ಎಂದು ಊದಿ, ತೊಡೆಗೆ ಒರೆಸಿ, ಅಟೆಂಡರ್ ಕೈಗೆ ಕೊಟ್ಟ. “ಕಾರಲ್ಲಿಡು. ಸಾಯಂಕಾಲ ಹಾರೋಹಳ್ಳಿ ಕಡೆಗೆ ಆಯ್ತದೆ. ಬಾಳೆಹಣ್ಣೂ ಚೆನ್ನಾಗವೆ, ತಗೊ.”

ಅವಳು ಬ್ಯಾಗು ತೆಗೆದುಕೊಂಡು ಹೊರಟಳು. ಯಾರೂ ತಡೆಯಲಿಲ್ಲ.

ಬಸ್ ಸ್ಟಾಂಡಿನಲ್ಲಿ ಭದ್ರಮ್ಮ ಕನಕಪುರದ ಬಸ್ಸಿಗೆ ಕಾಯುತ್ತಿದ್ದಳು. ಲತಾಮಣಿ ಪಕ್ಕದಲ್ಲಿ ಕೂತಾಗ ಒಂಚೂರು ಆಚೆ ಸರಿದಳು. “ಕೆಟ್ಟೋಳಲ್ಲ ಕಣವ್ವ ನೀನು. ಆದ್ರೆ ಆ ಕೈಲಿ ಇನ್ನೇನೂ ಈಸ್ಕಳಕಾಗಕಿಲ್ಲ ನಂಗೆ” ಎಂದಳು.

“ಈಸ್ಕೋಬೇಡಿ ಅಜ್ಜಿ.”

ನಯನ ಕವರನ್ನು ಅವುಚಿಕೊಂಡು ನಿಂತಿದ್ದಳು. ಬಸ್ಸು ಬಂದಾಗ, ಬೇರೆಲ್ಲೋ ನೋಡುತ್ತ ಕೇಳಿದಳು: “ಹಾಸ್ಟ್ಲುಗೂ ನಾಳೇನೇ ಅಲ್ಲಿ ಬರ್ಕೊಡ್ಬೇಕಾ ಮಿಸ್?”

“ನಾಳೇನೇ. ಜಾತಿ ಆದಾಯದ ಸರ್ಟಿಫಿಕೇಟ್ ಜೊತೆಗಿರಲಿ. ಜೆರಾಕ್ಸ್ ಎರಡೆರಡು.”

ಹುಡುಗಿ ತಲೆಯಾಡಿಸಿ ಹತ್ತಿದಳು.

ಮಾಗಡಿ ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯಲ್ಲಿ ಪುಟ್ಟಸ್ವಾಮಿಯ ಕಾರು ನಿಧಾನವಾಗಿ ಬಂದು ಟ್ರಾಫಿಕ್ಕಿಗೆ ಸಿಕ್ಕಿ ನಿಂತಿತು. ಹಾರೋಹಳ್ಳಿಗೆ ಸಾಯಂಕಾಲದವರೆಗೂ ಕಾಯಲು ಅವನಿಗೆ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಆಫೀಸಿನಲ್ಲಿ ಟೈಪ್ ಮಾಡುವ ಶಿವಲಕ್ಷ್ಮಿ ಕೂತಿದ್ದಳು. ಮಡಿಲಲ್ಲಿ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಗಿಣಿಹಸಿರು ಕಣ. ಗಾಜು ಪೂರ್ತಿ ಏರಿತ್ತು. ಅವಳು ಕರ್ಚೀಫನ್ನು ಮೂಗಿಗೆ ಒತ್ತಿ ಹಿಡಿದಿದ್ದಳು.

ಲತಾಮಣಿ ಎದ್ದು ನಿಂತು, ಬಸ್ ಸ್ಟಾಂಡಿನ ಅಷ್ಟೂ ಜನ ತಿರುಗಿ ನೋಡುವ ಹಾಗೆ ಕೂಗಿದಳು: “ಶಿವೂ! ಗಾಜು ಇಳ್ಸೇ!”

ಗಾಜು ಇಳಿಯಲಿಲ್ಲ. ಮುಂದಿನ ವಾಹನಗಳು ಸರಿದವು, ಕಾರು ಹೊರಟಿತು.